ಓಝ್ ಮಾಂತ್ರಿಕನನ್ನು ಬಣ್ಣದ ಹಾಳೆಯಲ್ಲಿ ಓದಿಸಿದ್ದು: ನನ್ನ ಅನುಭವ

ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳು ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಓಝ್’ ಕಾದಂಬರಿಯನ್ನು ಕೊನೆಯ ಅಧ್ಯಾಯದವರೆಗೂ ಕನ್ನಡದಲ್ಲಿ ಓದಿ ಮುಗಿಸಿದರು. ಷಿಕಾಗೋ ಸುತ್ತಮುತ್ತ ಕನ್ನಡ ಪಾಠ ಮಾಡುವವರಿಗೆ ಇದು ಎಂಥ ಸುದ್ದಿ ಅಂತ ಬಿಡಿಸಿ ಹೇಳಬೇಕಿಲ್ಲ. ಆಗಲ್ಲ ಅಂದವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ‘ಆ ಕನ್ನಡ ಅನುವಾದದ ಫೈಲ್ ಸ್ವಲ್ಪ ಕಳಿಸ್ರೀ’ ಅಂತ ಮೆಸೇಜ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆದುಬಿಡುತ್ತೇನೆ. ಕಾಗುಣಿತ ಹೇಗೆ ಕಲಿಸಬೇಕು, ಗಟ್ಟಿಯಾಗಿ ಹೇಗೆ ಓದಿಸಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ. ಅದರ ತಂಟೆಗೆ ಹೋಗುವುದಿಲ್ಲ.

ಮೊದಲ ತಕರಾರು ಬಂದದ್ದು ಪುಸ್ತಕದ ಬಗ್ಗೆಯೇ. ‘ಪಂಚತಂತ್ರ ಇಲ್ವಾ? ತೆನಾಲಿ ರಾಮ ಇಲ್ವಾ? ಅಮೆರಿಕದ ಕತೆ ಓದಿಸೋಕೆ ಕನ್ನಡ ಕ್ಲಾಸ್ ಯಾಕ್ರೀ ಬೇಕು?’ ಅಂತ ಒಬ್ಬರು ಎಲ್ಲರೆದುರೇ ಕೇಳಿದರು. ನಾನು ಹೇಳಿದ್ದಿಷ್ಟೇ. ಈ ಮಕ್ಕಳು ಹುಟ್ಟಿದ್ದು ಇದೇ ಊರಲ್ಲಿ, ಈ ಪುಸ್ತಕ ಹುಟ್ಟಿದ್ದೂ ಇದೇ ಊರಲ್ಲಿ. 1900ರಲ್ಲಿ ಷಿಕಾಗೋದ ಜಾರ್ಜ್ ಎಂ. ಹಿಲ್ ಕಂಪನಿ ಇದನ್ನು ಹೊರತಂದಿತು. ಫ್ರಾಂಕ್ ಬಾಮ್ ಇದನ್ನು ಬರೆದಾಗ ಮನೆಯಿದ್ದದ್ದು ಹಂಬೋಲ್ಟ್ ಬುಲೆವಾರ್ಡಿನಲ್ಲಿ. ಅದಕ್ಕೂ ಮೊದಲು ಆ ಪುಣ್ಯಾತ್ಮ ದಕ್ಷಿಣ ಡಕೋಟಾದ ಅಬರ್ಡೀನ್‌ನಲ್ಲಿ ಅಂಗಡಿ ಇಟ್ಟು ಕೈಸುಟ್ಟುಕೊಂಡಿದ್ದ, ಪತ್ರಿಕೆ ನಡೆಸಿ ಕೈಸುಟ್ಟುಕೊಂಡಿದ್ದ. ಇಲ್ಲಿಗೆ ಬಂದ ಮೇಲೆ ಪಿಂಗಾಣಿ ಸಾಮಾನು ಮಾರಿಕೊಂಡು ಊರೂರು ತಿರುಗಿದ. ಪುಸ್ತಕದ ಕೊನೆಯ ಭಾಗದಲ್ಲಿ ಮುಟ್ಟಿದರೆ ಒಡೆದುಹೋಗುವ ಪಿಂಗಾಣಿ ಜನರ ಊರು ಬರುತ್ತದಲ್ಲ, ಅದು ಸುಮ್ನೆ ಬಂದದ್ದಲ್ಲ ಅಂತ ನನ್ನ ಗುಮಾನಿ.

ನಿಜವಾದ ತೊಂದರೆ ಸಿನಿಮಾದ್ದು. 1939ರ ಆ ಸಿನಿಮಾವನ್ನು ಇಲ್ಲಿನ ಮಕ್ಕಳೆಲ್ಲ ನೋಡಿರುತ್ತಾರೆ. ಸುಂಟರಗಾಳಿ ಬಂತು ಅಂತ ನಾನು ಶುರು ಮಾಡುವುದಕ್ಕೂ ಇಲ್ಲ, ‘ಗೊತ್ತು ಆಂಟಿ, ಮನೆ ಹಾರುತ್ತೆ, ಮಾಟಗಾತಿ ಸಾಯ್ತಾಳೆ, ಕೆಂಪು ಶೂ ಸಿಗುತ್ತೆ’ ಅಂತ ಕತೆಯನ್ನೇ ಮುಗಿಸಿಬಿಡುತ್ತಿದ್ದರು. ಮೊದಲ ವರ್ಷದ ಚಳಿಗಾಲ ಹಾಗೇ ಹೋಯಿತು. ಗೋಡೆಯ ಮೇಲೆ ಪ್ರೊಜೆಕ್ಟರ್‌ನಲ್ಲಿ ಕನ್ನಡ ಸಾಲು ಹಾಕಿ ನೋಡಿದೆ. ಮಕ್ಕಳು ಗೋಡೆ ಬಿಟ್ಟು ಪ್ರೊಜೆಕ್ಟರಿನ ಬೆಳಕಿನಲ್ಲಿ ಕೈಯಿಂದ ನಾಯಿ, ಮೊಲ ಮಾಡುತ್ತಾ ಕೂತರು. ಅಧ್ಯಾಯಕ್ಕೊಂದು ಐದು ಡಾಲರಿನ ಗಿಫ್ಟ್ ಕಾರ್ಡ್ ಅಂತ ಆಸೆ ತೋರಿಸಿದೆ. ಎರಡು ವಾರ ಭರ್ಜರಿಯಾಗಿ ನಡೆಯಿತು. ಮೂರನೇ ವಾರ ಒಬ್ಬ ಹುಡುಗ ‘ಹತ್ತು ಡಾಲರ್ ಕೊಟ್ರೆ ಓದ್ತೀನಿ’ ಅಂತ ಚೌಕಾಸಿಗೆ ಇಳಿದ. ಅಲ್ಲಿಗೆ ನಿಲ್ಲಿಸಿದೆ. ಇದರಲ್ಲೇ ನೂರು ಡಾಲರ್ ಹತ್ತಿರ ಹೋಗಿರಬೇಕು.

ಆಮೇಲೆ 24 ಅಧ್ಯಾಯವನ್ನೂ ನಾನೇ ಕನ್ನಡಕ್ಕೆ ತಂದು, ಸ್ಪೈರಲ್ ಬೈಂಡ್ ಮಾಡಿಸಿ ಕೈಗೆ ಕೊಟ್ಟೆ. ಪುಸ್ತಕದ ಕಾಪಿರೈಟ್ ಮುಗಿದು ಯಾವ ಕಾಲವೋ ಆಗಿದೆ, ಹಾಗಾಗಿ ಆ ತಲೆನೋವಿಲ್ಲ. ಒಂದೊಂದು ಪ್ರತಿಗೆ ಹನ್ನೆರಡು ಡಾಲರ್ ಬಿತ್ತು, ಹತ್ತು ಹನ್ನೆರಡು ಪ್ರತಿ ಮಾಡಿಸಿದ್ದೆ. ಮಕ್ಕಳು ಅದರ ದಪ್ಪ ನೋಡಿಯೇ ಬೆಚ್ಚಿಬಿದ್ದರು. ಅರ್ಧಕ್ಕರ್ಧ ಪ್ರತಿಗಳು ಇವತ್ತಿಗೂ ನಮ್ಮ ಗ್ಯಾರೇಜಿನಲ್ಲಿ ಹಿಮ ಗೋರುವ ಸಲಿಕೆಯ ಪಕ್ಕದಲ್ಲಿವೆ.

ದಾರಿ ಕಂಡದ್ದು ಲೈಬ್ರರಿಯಲ್ಲಿ, ಮೊದಲ ಆವೃತ್ತಿಯನ್ನು ಹಾಗೇ ನಕಲು ಮಾಡಿ ಅಚ್ಚು ಹಾಕಿದ ಒಂದು ಪ್ರತಿ ನೋಡಿದಾಗ. ಡೆನ್ಸ್‌ಲೋ ಅನ್ನುವ ಚಿತ್ರಕಾರ ಅದರಲ್ಲಿ ಒಂದು ಚಮತ್ಕಾರ ಮಾಡಿದ್ದಾನೆ. ಬಣ್ಣದ ದೊಡ್ಡ ಚಿತ್ರಗಳು 24 ಇವೆ, ಅವು ಬೇರೆ. ಪುಟಗಳ ನಡುವೆ ಬರುವ ಚಿತ್ರಗಳ ಬಣ್ಣ ಸುಂಟರಗಾಳಿಗೆ ಸಿಕ್ಕಿ ಕ್ಯಾನ್ಸಸ್‌ನಿಂದ ಓಝ್ ನಾಡಿಗೆ ಬಂದ ಹುಡುಗಿ ಡೊರೊತಿ ಎಲ್ಲಿರುತ್ತಾಳೋ ಆ ಜಾಗಕ್ಕೆ ತಕ್ಕ ಹಾಗೆ ಬದಲಾಗುತ್ತಾ ಹೋಗುತ್ತದೆ. ಮಂಚ್‌ಕಿನ್ನರ ನಾಡಿನಲ್ಲಿ ನೀಲಿ, ಪಚ್ಚೆ ಪಟ್ಟಣದಲ್ಲಿ ಹಸಿರು, ವಿಂಕಿಗಳ ನಾಡಿನಲ್ಲಿ ಹಳದಿ. ಚಿತ್ರ ಬಿಡಿಸುವುದು ನನ್ನಿಂದಾಗದ ಕೆಲಸ. ಆದರೆ ಹಾಳೆಯ ಬಣ್ಣ ಬದಲಿಸಬಹುದಲ್ವಾ?

ಹಾಗಾಗಿ ಬೈಂಡಿಂಗ್ ಪೂರ್ತಿ ಬಿಟ್ಟೆ. ಒಂದು ಅಧ್ಯಾಯ ಅಂದರೆ ಬಿಡಿ ಹಾಳೆಗಳು, ಮೂಲೆಗೆ ಒಂದು ಪಿನ್ನು. ನೀಲಿ ನಾಡು ನೀಲಿ ಹಾಳೆಯಲ್ಲಿ, ಗಸಗಸೆ ಹೂವಿನ ಹೊಲ ಗುಲಾಬಿ ಹಾಳೆಯಲ್ಲಿ, ಪಿಂಗಾಣಿ ಊರು ಬಿಳಿಯಲ್ಲಿ, ದಕ್ಷಿಣದ ಕ್ವಾಡ್ಲಿಂಗರದ್ದು ಕೆಂಪು. ಅಚ್ಚ ಕೆಂಪು ಹಾಳೆಯ ಮೇಲೆ ಕಪ್ಪು ಅಕ್ಷರ ಓದುವುದು ಹಿಂಸೆ, ಅದಕ್ಕೂ ಗುಲಾಬಿಯನ್ನೇ ಹಾಕಿ ಮೇಲೊಂದು ಕೆಂಪು ಪಟ್ಟಿ ಅಂಟಿಸಿದೆ. ಕ್ಯಾನ್ಸಸ್‌ಗೆ ಬೂದು ಹಾಳೆ ಹುಡುಕಿದೆ, ದುಬಾರಿ. ಕೊನೆಗೆ ಬಿಳಿ ಹಾಳೆಯ ಮೇಲೆ ಟೋನರ್ ಉಳಿಸುವ ಮೋಡ್‌ನಲ್ಲಿ ಪ್ರಿಂಟ್ ತೆಗೆದೆ. ಅಕ್ಷರಗಳೇ ಬೂದುಬೂದಾಗಿ ಬಂದವು. ಪುಸ್ತಕದಲ್ಲೂ ಅಲ್ಲಿ ಎಲ್ಲವೂ ಬೂದು ತಾನೇ? ಹುಲ್ಲು, ಮನೆ, ಡೊರೊತಿಯ ಎಂ ಚಿಕ್ಕಮ್ಮನ ಕೆನ್ನೆ, ಎಲ್ಲ. ಖರ್ಚಿಲ್ಲದೆ ಇಷ್ಟು ಚೆನ್ನಾಗಿ ಬಂದದ್ದು ಇದೊಂದೇ.

ಎರಡನೆಯ ಉಪಾಯ, ಒಂದನೇ ಅಧ್ಯಾಯದಿಂದ ಶುರು ಮಾಡಲೇ ಇಲ್ಲ. ಸಿನಿಮಾ ಏನೇನು ಬಿಟ್ಟಿದೆಯೋ ಅಲ್ಲಿಂದ ಹಿಡಿದೆ. ಮೊದಲು ಕೊಟ್ಟದ್ದು ಐದನೆಯದು, ತಗಡಿನ ಮನುಷ್ಯ ತನ್ನ ಕತೆ ಹೇಳುವ ಅಧ್ಯಾಯ. ಅವನು ಮೊದಲು ನಮ್ಮ ನಿಮ್ಮ ಹಾಗೇ ಇದ್ದವನು. ಮಾಟ ಮಾಡಿದ ಕೊಡಲಿ ಜಾರಿ ಒಂದು ಕಾಲು ಹೋಗುತ್ತದೆ, ತಗಡಿನ ಕೆಲಸದವನು ಕಾಲು ಮಾಡಿಕೊಡುತ್ತಾನೆ. ಇನ್ನೊಂದು ಕಾಲು, ಎರಡು ಕೈ, ತಲೆ, ಕೊನೆಗೆ ಮೈಯೇ ಎರಡು ಹೋಳು. ಎಲ್ಲದಕ್ಕೂ ತಗಡು ಬಂತು, ಹೃದಯ ಮಾತ್ರ ಬರಲಿಲ್ಲ. ಇದನ್ನು ಓದಿ ನಿಲ್ಲಿಸಿದಾಗ ಯಾರೂ ‘ಗೊತ್ತು ಆಂಟಿ’ ಅನ್ನಲಿಲ್ಲ. ಹಿಂದೆ ಕೂತಿದ್ದ, ಬಾಯಿ ಬಿಡದ ಒಬ್ಬ ಹುಡುಗಿ ಕೇಳಿದಳು: ‘ಹಳೇ ತಲೆ ಎಲ್ಲಿ ಹೋಯ್ತು?’ ಅವತ್ತು ಮನೆಗೆ ಹೋಗುವವರೆಗೂ ಅದೇ ಜಗಳ. ಪೂರ್ತಿ ತಗಡಾದ ಮೇಲೂ ಅವನು ಅವನೇನಾ? ಇದಕ್ಕೆ ಬಾಮ್ 1918ರಲ್ಲಿ ಬೇರೊಂದು ಓಝ್ ಪುಸ್ತಕದಲ್ಲಿ ಉತ್ತರ ಕೊಟ್ಟಿದ್ದಾನೆ. ಅಲ್ಲಿ ತಗಡಿನ ಮನುಷ್ಯ ಬೀರುವಿನಲ್ಲಿಟ್ಟ ತನ್ನ ಹಳೇ ತಲೆಯ ಜೊತೆ ಮಾತಾಡುತ್ತಾನೆ, ಅದಂತೂ ಸಿಡುಕು ತಲೆ. ಇದನ್ನು ಮಕ್ಕಳಿಗೆ ಆಗಲೇ ಹೇಳಲಿಲ್ಲ, ತಿಂಗಳುಗಟ್ಟಲೆ ಕಾಯಿಸಿದೆ.

ಆಮೇಲೆ ತೋಳಗಳ ಅಧ್ಯಾಯ. ಪಶ್ಚಿಮದ ಮಾಟಗಾತಿ ಡೊರೊತಿ ಮತ್ತವಳ ಜೊತೆಗಾರರ ಮೇಲೆ 40 ತೋಳ ಬಿಡುತ್ತಾಳೆ, ತಗಡಿನವನು ನಲವತ್ತರ ತಲೆಯನ್ನೂ ಕಡಿಯುತ್ತಾನೆ. ಆಮೇಲೆ 40 ಕಾಗೆ, ಬೆದರುಬೊಂಬೆ ಅವುಗಳ ಕತ್ತು ತಿರುಚುತ್ತದೆ. ಒಬ್ಬ ತಾಯಿ ರಾತ್ರಿಯೇ ಫೋನ್ ಮಾಡಿದರು. ‘ಏನ್ರೀ ಇದು, ಮಕ್ಕಳ ಕತೇಲಿ ಇಷ್ಟೊಂದು ರಕ್ತ?’ ಬಾಮ್ ಮುನ್ನುಡಿಯಲ್ಲಿ ಕೆಟ್ಟ ಕನಸು ತರಿಸುವಂಥದ್ದನ್ನೆಲ್ಲ ಬಿಟ್ಟಿದ್ದೇನೆ ಅಂತ ಬರೆದುಕೊಂಡಿದ್ದಾನೆ ಅಂತ ಓದಿ ಹೇಳಿದೆ. ಅವರು ನಗಲಿಲ್ಲ. ಆದರೆ ಅವರ ಮಗ ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ಹೀಗೆ ನಾಲ್ಕೈದು ಅಧ್ಯಾಯ ಆದ ಮೇಲೆ ಮಕ್ಕಳೇ ‘ಮೊದಲಿಂದ ಕೊಡಿ’ ಅಂತ ಕೇಳಿದರು. ಆಗ ಆ ಬೂದು ಅಕ್ಷರದ ಹಾಳೆ ತೆಗೆದೆ.

ಮೂರನೆಯದೇ ಮುಖ್ಯ. ಅದು ಅಜ್ಜಿಯರದು.

ಬೇಸಿಗೆಯಲ್ಲಿ ಇಲ್ಲಿಗೆ ಬರುವ ಅಜ್ಜಿ ತಾತಂದಿರು ಈ ಸಿನಿಮಾ ನೋಡಿರುವುದಿಲ್ಲ. ಊರಲ್ಲಿರುವವರೂ ಅಷ್ಟೇ. ಮಕ್ಕಳಿಗೆ ಗೊತ್ತಿದ್ದು ದೊಡ್ಡವರಿಗೆ ಗೊತ್ತಿಲ್ಲದ ಕನ್ನಡ ಸಂಗತಿ ಅಂತ ಇನ್ನೇನಿದೆ ಹೇಳಿ? ಹಾಗಾಗಿ ಹಾಳೆಯನ್ನು ಮನೆಗೆ ಕೊಟ್ಟಾಗ ಒಂದೇ ಷರತ್ತು ಹಾಕಿದೆ: ಅಜ್ಜಿಗೋ ತಾತನಿಗೋ ಓದಿ ಹೇಳಬೇಕು, ಎದುರಿಗಾದರೂ ಸರಿ, ವಿಡಿಯೋ ಕಾಲ್‌ನಲ್ಲಾದರೂ ಸರಿ. ಅಪ್ಪ ಅಮ್ಮನಿಗೆ ಓದಿದರೆ ಲೆಕ್ಕಕ್ಕಿಲ್ಲ. ಅಪ್ಪ ಅಮ್ಮ ತಪ್ಪು ತಿದ್ದುತ್ತಾರೆ, ಅಜ್ಜಿ ‘ಆಮೇಲೇನಾಯ್ತೋ?’ ಅನ್ನುತ್ತಾರೆ. ಇದರಲ್ಲೇ ಎಲ್ಲ ಇದೆ. ತುಮಕೂರಿನಿಂದ ಬಂದಿದ್ದ ಒಬ್ಬರು ಅಜ್ಜಿ ಮೊಮ್ಮಗಳು ಸ್ಕೂಲಿಂದ ಬರುವುದರೊಳಗೆ ಹಾಳೆಯನ್ನು ತಾವೇ ಓದಿ ಮುಗಿಸಿ, ಮುಂದಿನ ಅಧ್ಯಾಯಕ್ಕೆ ನನಗೆ ಫೋನ್ ಮಾಡಿದರು. ಕೊಡಲಿಲ್ಲ. ‘ಇಷ್ಟು ವಯಸ್ಸಾದೋಳಿಗೂ ಕಾಯಿಸ್ತೀಯಲ್ಲೇ’ ಅಂತ ಬೈದರು. ಆ ಬೈಗುಳ ನನಗೆ ಸರ್ಟಿಫಿಕೇಟ್ ಇದ್ದ ಹಾಗೆ.

ಕನ್ನಡಕದ ಪ್ರಯೋಗವನ್ನೂ ಹೇಳಲೇಬೇಕು. ಪುಸ್ತಕದಲ್ಲಿ ಮಾಂತ್ರಿಕ ಆಳುವ ಪಚ್ಚೆ ಪಟ್ಟಣಕ್ಕೆ ಕಾಲಿಡುವವರೆಲ್ಲ ಹಸಿರು ಕನ್ನಡಕ ಹಾಕಬೇಕು. ಟೋಟೊ ನಾಯಿಗೂ ಬಿಡುವುದಿಲ್ಲ. ಕಾವಲುಗಾರ ಅದಕ್ಕೆ ಬೀಗ ಬೇರೆ ಹಾಕುತ್ತಾನೆ. ಅರಮನೆಯಲ್ಲಿ ಡೊರೊತಿ ಹಾಕಿಕೊಂಡ ಹಸಿರು ಉಡುಪು ಊರಾಚೆ ಬಂದು ಕನ್ನಡಕ ತೆಗೆದಾಗ ಬೆಳ್ಳಗೆ ಕಾಣುತ್ತದೆ. ಇದನ್ನು ಓದಿಸಿದರೆ ಸಾಲದು, ತೋರಿಸಬೇಕು ಅನ್ನಿಸಿತು. ಪಾರ್ಟಿ ಸಾಮಾನಿನ ಅಂಗಡಿಯಿಂದ ಹಸಿರು ಪ್ಲಾಸ್ಟಿಕ್ ಕನ್ನಡಕ ತಂದೆ, ನಲವತ್ತು ಡಾಲರ್ ಹತ್ತಿರ. ಬಣ್ಣ ಎಷ್ಟು ತೆಳುವೆಂದರೆ ಕೆಂಪು ಕೆಂಪಾಗೇ ಕಾಣುತ್ತಿತ್ತು. ದಂಡ. ಆಮೇಲೆ ಗಿಫ್ಟ್ ಸುತ್ತುವ ಹಸಿರು ಸೆಲ್ಲೋಫೇನ್ ಸುರುಳಿ ತಂದೆ, ಆರೇಳು ಡಾಲರ್. ಒಂದೇ ಪದರ ಸಾಲದು, ಎರಡು ಹಾಕಬೇಕು. ದಪ್ಪ ಕಾರ್ಡಿನ ಚೌಕಟ್ಟು, ಹಿಂದೆ ಎಲಾಸ್ಟಿಕ್. ಮೂರು ಪದರ ಹಾಕಿದರೆ ಓದಲು ಆಗುವುದಿಲ್ಲ, ನೋಡಿದ್ದೇನೆ.

ಅವತ್ತು ಎಲ್ಲರಿಗೂ ಬಿಳಿ ಟೀ ಶರ್ಟ್ ಹಾಕಿಕೊಂಡು ಬರಲು ಹೇಳಿದ್ದೆ. ಕನ್ನಡಕ ಹಾಕಿದ ಕೂಡಲೇ ಎಲ್ಲರೂ ಹಸಿರು. ಅದೇ ತುಮಕೂರಿನ ಅಜ್ಜಿಯೂ ಬಂದಿದ್ದರು. ಒಬ್ಬ ಹುಡುಗ ಅವರ ಹಣೆ ನೋಡಿ ‘ಅಜ್ಜಿ, ನಿಮ್ಮ ಕುಂಕುಮ ಕಪ್ಪಾಗಿದೆ!’ ಅಂತ ಕೂಗಿದ. ಅಜ್ಜಿ ಗಾಬರಿಯಲ್ಲಿ ಹಣೆ ಮುಟ್ಟಿಕೊಂಡು, ಬೆರಳು ನೋಡಿಕೊಂಡರು. ಅವರ ಬೆರಳೂ ಅವರಿಗೆ ಹಸಿರು! ಓದುವ ಕನ್ನಡಕದ ಮೇಲೆ ಇದನ್ನೂ ಏರಿಸಿಕೊಂಡಿದ್ದರು. ‘ತೆಗಿಯೋ ಇದನ್ನ’ ಅಂತ ಅಂದರೇ ಹೊರತು ತಾವಾಗಿ ತೆಗೆಯಲಿಲ್ಲ. ಮಾಂತ್ರಿಕ ಬರೀ ಮೋಸಗಾರ ಅಂತ ಮುಂದೆ ಗೊತ್ತಾದಾಗ ಮಕ್ಕಳಲ್ಲಿ ಒಬ್ಬರಿಗೂ ಆಶ್ಚರ್ಯ ಆಗಲಿಲ್ಲ. ಕನ್ನಡಕದ ದಿನವೇ ಅವರು ಅವನನ್ನು ಹಿಡಿದುಬಿಟ್ಟಿದ್ದರು.

ಗಂಟೆಗಟ್ಟಲೆ ಆ ಕನ್ನಡಕ ತೆಗೆಯದ ಹಾಗೆ ಹೇಗೆ ಕೂರಿಸಿದೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಬೀಗದ ಉಪಾಯ ಇದೆ. ಹೇಳುವುದಿಲ್ಲ. ಮಾಂತ್ರಿಕ ಡೊರೊತಿಗೆ ಒಂದು ದೊಡ್ಡ ತಲೆಯಾಗಿ ಕಾಣುತ್ತಾನಲ್ಲ, ಆ ತಲೆ ಮಾತಾಡುವ ದನಿ ಹೇಗೆ ಬರಿಸಿದೆ ಅನ್ನೋದನ್ನೂ ಹೇಳುವುದಿಲ್ಲ. ಅಡುಗೆಮನೆಯ ಒಂದು ಪಾತ್ರೆ ಸಾಕು ಅಂತ ಮಾತ್ರ ತಿಳಿದುಕೊಳ್ಳಿ.

ಇನ್ನೊಂದು ಉಪಪ್ರಯೋಗ: ಮಾಂತ್ರಿಕ ತಗಡಿನವನಿಗೆ ಕೊಡುವ ಹೃದಯ ರೇಷ್ಮೆಯದು, ಒಳಗೆ ಮರದ ಪುಡಿ. ಹಳೇ ಮೈಸೂರು ಸಿಲ್ಕ್ ಬ್ಲೌಸ್ ಪೀಸಿನಲ್ಲಿ ಹೊಲಿಸೋಣ ಅಂದುಕೊಂಡೆ. ಮರದ ಪುಡಿ ಒಬ್ಬ ಬಡಗಿ ಸುಮ್ಮನೇ ಕೊಟ್ಟ. ಆದರೆ ರೇಷ್ಮೆ ಜಾರುತ್ತದೆ, ಮಕ್ಕಳ ಹೊಲಿಗೆ ನಿಲ್ಲಲಿಲ್ಲ. ಲೈಬ್ರರಿಯ ಕಾರ್ಪೆಟ್ ತುಂಬಾ ಪುಡಿ. ಅವತ್ತು ಓದು ನಡೆಯಲಿಲ್ಲ, ಗುಡಿಸಿದ್ದೇ ಆಯಿತು.

ಲೆಕ್ಕ ಹೀಗೆ. ಬಣ್ಣದ ಹಾಳೆ ಒಂದು ರಿಮ್‌ಗೆ ಹನ್ನೆರಡರಿಂದ ಹದಿನೈದು ಡಾಲರ್, ನಾಲ್ಕು ಬಣ್ಣ ಬೇಕು. ಟೋನರ್ ಅರವತ್ತು ಎಪ್ಪತ್ತು. ಕನ್ನಡಕದ ಸೆಲ್ಲೋಫೇನ್, ಕಾರ್ಡು, ಎಲಾಸ್ಟಿಕ್ ಸೇರಿ ಇಪ್ಪತ್ತೈದರ ಒಳಗೆ. ಕೋಣೆ ಲೈಬ್ರರಿಯದು, ಪುಕ್ಕಟೆ. ಅಂದರೆ ಒಟ್ಟು ನೂರೈವತ್ತರ ಆಸುಪಾಸು. ಹಿಂದಿನ ವರ್ಷ ಗೋತಾ ಹೊಡೆದ ಪ್ರಯತ್ನಗಳಿಗೆ ಇದಕ್ಕಿಂತ ಜಾಸ್ತಿಯೇ ಸುರಿದಿದ್ದೆ.

ಕೊನೆಗೆ ಪತ್ರ ಬರೆಸಿದೆ. ಇದು ನನ್ನ ಉಪಾಯ ಅಲ್ಲ, ಹಿಂದಿನ ಕಾಲದ ಓದುಗ ಮಕ್ಕಳದೇ. ಮೊದಲ ಪುಸ್ತಕ ಬಂದ ಮೇಲೆ ಮಕ್ಕಳು ಇನ್ನಷ್ಟು ಓಝ್ ಬೇಕು ಅಂತ ಬಾಮ್‌ಗೆ ಪತ್ರ ಬರೆದದ್ದೇ ಬರೆದದ್ದು. ಸಾವಿರ ಹುಡುಗಿಯರು ಸಾವಿರ ಪತ್ರ ಬರೆದರೆ ಬರೆಯುತ್ತೇನೆ ಅಂತ ಒಬ್ಬ ಪುಟ್ಟ ಹುಡುಗಿಗೆ ಮಾತು ಕೊಟ್ಟಿದ್ದೆ, ಪತ್ರಗಳು ಬಂದೇಬಿಟ್ಟವು ಅಂತ 1904ರ ಎರಡನೇ ಪುಸ್ತಕದ ಮುನ್ನುಡಿಯಲ್ಲಿದೆ. 1910ರಲ್ಲಿ ಸಾಕಪ್ಪಾ ಅಂತ ಓಝ್ ನಾಡನ್ನೇ ಕಣ್ಣಿಗೆ ಕಾಣದ ಹಾಗೆ ಮಾಡಿ ಬಾಗಿಲು ಹಾಕಿದ. ಮಕ್ಕಳು ಬಿಡಬೇಕಲ್ಲ. ವೈರ್‌ಲೆಸ್ ಟೆಲಿಗ್ರಾಫ್‌ನಲ್ಲಿ ಓಝ್ ಜೊತೆ ಮಾತಾಡಬಹುದಲ್ಲ ಅಂತ ಒಂದು ಮಗು ಸಲಹೆ ಕೊಟ್ಟಿತಂತೆ, 1913ರಿಂದ ಮತ್ತೆ ಶುರು. ಒಟ್ಟು 14 ಪುಸ್ತಕ ಬರೆದ. ನಮ್ಮ ಮಕ್ಕಳು ಪತ್ರ ಬರೆದದ್ದು ತಗಡಿನ ಮನುಷ್ಯನಿಗೆ. ಲಿಂಕನ್ ಪಾರ್ಕ್ ಬಡಾವಣೆಯ ಓಝ್ ಪಾರ್ಕ್‌ನಲ್ಲಿ ಅವನ ಪ್ರತಿಮೆ ಇದೆಯಲ್ಲ, ಹಳೇ ಕಾರುಗಳ ಬಂಪರ್‌ಗಳಿಂದ ಮಾಡಿದ್ದು, ಅವನೆದುರು ನಿಂತು ಓದಿದರು. ಗಾಳಿ ಜೋರಿತ್ತು, ಎರಡು ನೀಲಿ ಹಾಳೆ ಹಾರಿಹೋಗಿ ಬೇಲಿಗೆ ಸಿಕ್ಕಿಕೊಂಡವು. ‘ನಿನ್ನ ಹಳೇ ತಲೆ ಈಗ ಯಾರ ಹತ್ತಿರ ಇದೆ?’ ಅಂತ ಬರೆದಿದ್ದವಳು ಆ ಹಿಂದಿನ ಸಾಲಿನ ಹುಡುಗಿ. ಅವಳ ಒತ್ತಕ್ಷರ ಎರಡು ಕಡೆ ತಪ್ಪಿತ್ತು. ತಿದ್ದಲಿಲ್ಲ.

ಈ ಚಳಿಗಾಲಕ್ಕೆ ಎರಡನೇ ಪುಸ್ತಕ. ಅದು ಶುರುವಾಗುವುದು ಉತ್ತರದ ಗಿಲಿಕಿನ್ನರ ನಾಡಿನಲ್ಲಿ, ಅಲ್ಲಿ ಎಲ್ಲ ನೇರಳೆ. ತಿಳಿ ನೇರಳೆ ಹಾಳೆಯ ರಿಮ್ ಇಪ್ಪತ್ತು ಡಾಲರಿಗಿಂತ ಕಡಿಮೆಗೆ ಎಲ್ಲೂ ಸಿಗುತ್ತಿಲ್ಲ. ಸಿಗುವ ಅಂಗಡಿ ನಿಮಗೆ ಗೊತ್ತಿದ್ದರೆ ಹೇಳಿ, ಬದಲಿಗೆ ಕನ್ನಡಕದ ಅಳತೆ ಕಳಿಸುತ್ತೇನೆ. ಬೀಗದ ಉಪಾಯ ಮಾತ್ರ ಕೇಳಬೇಡಿ.