ನಗರದ ಗಡಿಯಾಚೆ ಮನೆ: ನಾವು ಅಳೆದು ತೂಗಿದ ಬಗೆ

ನಗರದ ಗಡಿ ದಾಟಿ ಮನೆ ಮಾಡಬೇಕೆಂದಿರುವವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಗಾಳಿ, ಹಸಿರು, ನೆಮ್ಮದಿಗಳ ಬಗ್ಗೆ. ನಾನು ಅವರನ್ನು ಮೊದಲು ಕೇಳುವ ಪ್ರಶ್ನೆ ಬೇರೆ: ನಿಮ್ಮ ಸ್ನಾನದ ಮನೆಯ ನೀರು ಹೊರಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ, ಅದನ್ನು ನೋಡಿಕೊಳ್ಳುವವರು ಯಾರು? ನಗರದಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆಯೂ ಜೀವನ ಸಾಗುತ್ತದೆ. ಗಡಿಯಾಚೆ ಸಾಗುವುದಿಲ್ಲ. ನೆಲದ ಮೇಲೆ ಆ ಗಡಿ ಕಾಣಿಸದೇ ಇರಬಹುದು, ಆದರೆ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಕಸದ ವಾಹನ, ಬೀದಿದೀಪ ಇವೆಲ್ಲ ಅದರ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ಅಲ್ಲಿಂದಾಚೆಗೆ ಕಚೇರಿಯೊಂದು ಹೊತ್ತಿದ್ದ ಹೊಣೆಗಳು ಮನೆಯವರ ಹೆಗಲಿಗೆ ಬರುತ್ತವೆ.

ಜಾಗ ಅಗ್ಗವಾಗುವುದಕ್ಕೂ ಇದು ಒಂದು ಕಾರಣ, ದೂರ ಇನ್ನೊಂದು. ಮಾರುಕಟ್ಟೆಯಿಂದ ದೂರ ಸರಿದಂತೆ ಸಾಗಣೆಯ ಖರ್ಚು ಏರಿ ನೆಲದ ಗೇಣಿ ಇಳಿಯುತ್ತದೆ ಎಂದು ಜರ್ಮನಿಯ ಯೋಹಾನ್ ಹೈನ್ರಿಶ್ ಫಾನ್ ಟ್ಯೂನೆನ್ 1826ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಅವನು ಬರೆದದ್ದು ಬೇಸಾಯದ ಭೂಮಿಯ ಬಗ್ಗೆ. ವಾಸದ ಮನೆಗೂ ಅದು ಹೊಂದುತ್ತದೆ. ಜಾಗ ಕೊಳ್ಳುವಾಗ ಉಳಿದ ಹಣ ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಇಂಧನವಾಗಿ, ಪಂಪಿನ ರಿಪೇರಿಯಾಗಿ, ರಸ್ತೆಯಲ್ಲಿ ಕಳೆದ ಗಂಟೆಗಳಾಗಿ ಸ್ವಲ್ಪಸ್ವಲ್ಪವೇ ಕೈ ಬಿಡುತ್ತದೆ. ಹಾಗಾಗಿ ಜಾಗದ ಬೆಲೆಯನ್ನಷ್ಟೇ ನೋಡಿ ಲಾಭ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಮೊದಲು ನಾವೂ ಎಲ್ಲರಂತೆ ಒಂದು ಕಡೆ ಅನುಕೂಲ, ಇನ್ನೊಂದು ಕಡೆ ಅನನುಕೂಲ ಎಂದು ಬರೆಯುತ್ತಾ ಕುಳಿತೆವು. ಆ ಪಟ್ಟಿಯನ್ನು ಬದಲಾಯಿಸಿದವರು ನನ್ನ ಅತ್ತೆ. ‘ಪ್ರಶಾಂತ ಪರಿಸರ’ ಎಂದು ನಾನು ಬರೆದದ್ದನ್ನು ಓದಿ ಅವರು, “ನೀವಿಬ್ಬರೂ ಬೆಳಿಗ್ಗೆ ಹೊರಟುಹೋದ ಮೇಲೆ ಆ ಪ್ರಶಾಂತತೆಯಲ್ಲಿ ಇಡೀ ದಿನ ಇರಬೇಕಾದವಳು ನಾನಲ್ಲವೇ ಅಮ್ಮಾ? ನನ್ನನ್ನೂ ಕೇಳಿ ಬರೆ” ಎಂದರು. ಒಂದೇ ಮನೆಯಲ್ಲಿ ಒಬ್ಬರ ಅನುಕೂಲ ಇನ್ನೊಬ್ಬರಿಗೆ ಕಷ್ಟವಾಗಬಹುದು ಎಂಬುದು ಆಗ ಕಣ್ಣಿಗೆ ಕಟ್ಟಿತು. ನನ್ನ ಪತಿಗೆ ಬೇಕಿದ್ದ ಏಕಾಂತ ಅತ್ತೆಗೆ ಒಂಟಿತನ. ಮಗಳಿಗೆ ಆಡಲು ಸಿಗುವ ಬಯಲು ನನಗೆ ಅವಳನ್ನು ಗೆಳತಿಯರ ಮನೆಗೆ ಕರೆದೊಯ್ದು ಕರೆತರುವ ಕೆಲಸ. ಹಳೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೊಸದೊಂದು ಮಾಡಿದೆವು: ಎಡಕ್ಕೆ ನಗರ ನಮಗಾಗಿ ಮಾಡುತ್ತಿದ್ದ ಕೆಲಸಗಳು, ಬಲಕ್ಕೆ ಇನ್ನು ಮುಂದೆ ಅದನ್ನು ಮಾಡುವವರ ಹೆಸರು. ಯಾವ ಕೆಲಸದ ಮುಂದೆ ಹೆಸರು ಬೀಳುವುದಿಲ್ಲವೋ ಅದು ಇತ್ಯರ್ಥವಾಗುವವರೆಗೆ ಮುಂದಿನ ಹೆಜ್ಜೆ ಇಡುವುದಿಲ್ಲ ಎಂದು ತೀರ್ಮಾನಿಸಿದೆವು.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ನೀರು. ಜಾಗದಲ್ಲಿ ಕೊಳವೆಬಾವಿ ಇದೆ ಎಂಬ ಮಾತಿಗೆ ಬೆಲೆಯಿಲ್ಲ. ಮಳೆ ಶುರುವಾಗುವ ಮುಂಚಿನ ಒಣ ದಿನಗಳಲ್ಲಿ ಅದರಲ್ಲಿ ಎಷ್ಟು ನೀರಿರುತ್ತದೆ ಎಂಬುದಕ್ಕೆ ಬೆಲೆ. ಆ ಕಾಲಕ್ಕೇ ಕಾದಿದ್ದು ಗಂಟೆಗಟ್ಟಲೆ ಪಂಪು ಓಡಿಸಿ, ನೀರಿನ ಮಟ್ಟ ಎಷ್ಟು ಕೆಳಗಿಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿನಲ್ಲಿ ಮತ್ತೆ ಮೇಲೆ ಬಂತು ಎಂದು ನೋಡಿಸಿದೆವು. ನಂತರ ಪ್ರಯೋಗಾಲಯಕ್ಕೆ ನೀರಿನ ಮಾದರಿ ಕಳುಹಿಸಿದೆವು. ರುಚಿ ನೋಡಿ ನೀರು ಒಳ್ಳೆಯದು ಎನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ, ಆದರೆ ನೈಟ್ರೇಟ್‌ಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಗೊಬ್ಬರ ಹಾಕಿದ ಹೊಲಗಳಿಂದಲೂ ಶೌಚದ ಗುಂಡಿಗಳಿಂದಲೂ ಅದು ಅಂತರ್ಜಲಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಲೀಟರಿಗೆ 50 ಮಿಲಿಗ್ರಾಂ, ಫ್ಲೋರೈಡ್‌ಗೆ 1.5 ಮಿಲಿಗ್ರಾಂ ಮಿತಿ ಹಾಕಿದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಹಸುಗೂಸಿರುವ ಮನೆಯವರು ಇದನ್ನು ಖಂಡಿತ ತಿಳಿದಿರಬೇಕು, ಏಕೆಂದರೆ ನೈಟ್ರೇಟ್ ಹೆಚ್ಚಿರುವ ನೀರು ಎಳೆಯ ಮಕ್ಕಳ ರಕ್ತ ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ. ನೀರಿನ ಪರೀಕ್ಷೆಯನ್ನು ಪ್ರತಿ ವರ್ಷ ಮಾಡಿಸುವ ಹೊಣೆ ನನ್ನ ಹೆಸರಿಗೆ ಬಿತ್ತು.

ಬಂದ ನೀರಿನಷ್ಟೇ ಮುಖ್ಯ ಹೋಗುವ ನೀರು. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಟ್ಯಾಂಕು ಮಾಡುವುದು ಅರ್ಧ ಕೆಲಸ. ಗಟ್ಟಿ ಅಂಶ ತಳಕ್ಕಿಳಿದು ಕೆಸರಾಗುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹರಿಯುತ್ತದೆ. ಆ ನೀರನ್ನು ಶುದ್ಧ ಮಾಡುವುದು ಮಣ್ಣು. ಮಣ್ಣಿಗೆ ಆ ತಾಕತ್ತು ಇದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆ ಇದೆ, ಅದನ್ನು ನಾವೇ ಮಾಡಿದೆವು.

ಟ್ಯಾಂಕಿನಿಂದ ಹೊರಬಂದ ನೀರನ್ನು ಮಣ್ಣಿಗೆ ಇಂಗಿಸುವ ಇಂಗುಕಾಲುವೆ ಬರಬೇಕಾದ ಕಡೆ, ಅದರ ತಳದಷ್ಟೇ ಆಳಕ್ಕೆ ಕಿರಿದಾದ ಗುಂಡಿ ತೋಡಬೇಕು. ಗುದ್ದಲಿ ತಾಗಿ ನುಣುಪಾದ ಬದಿಗಳನ್ನು ಚೂಪಾದ ಕಬ್ಬಿಣದಿಂದ ಗೀರಿ ಒರಟು ಮಾಡಬೇಕು, ಇಲ್ಲವಾದರೆ ಜೇಡಿ ಸವರಿದಂತಾಗಿ ನೀರು ಒಳಗೆ ಇಂಗುವುದಿಲ್ಲ. ತಳಕ್ಕೆ ಎರಡು ಅಂಗುಲ ಜಲ್ಲಿ ಹಾಕಿ, ಹಿಂದಿನ ದಿನವೇ ನೀರು ತುಂಬಿಸಿ ರಾತ್ರಿಯಿಡೀ ಮಣ್ಣನ್ನು ನೆನೆಸಬೇಕು. ಒಣಮಣ್ಣು ಮೊದಲ ಗುಟುಕನ್ನು ಬೇಗ ಹೀರಿಕೊಂಡು ಸುಳ್ಳು ಭರವಸೆ ಕೊಡುತ್ತದೆ. ನೆನೆದ ಮೇಲಿನ ವೇಗವೇ ನಿಜವಾದದ್ದು. ಮರುದಿನ ಜಲ್ಲಿಯ ಮೇಲೆ ಆರು ಅಂಗುಲ ನೀರು ನಿಲ್ಲಿಸಿ, ಗುಂಡಿಯ ಬಾಯಿಗೆ ಅಡ್ಡಪಟ್ಟಿ ಇಟ್ಟು, ಅದರಿಂದ ಅಳತೆಪಟ್ಟಿ ಇಳಿಬಿಟ್ಟು ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಬರೆದುಕೊಂಡೆವು. ಒಂದು ಅಂಗುಲ ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಸಾಮಾನ್ಯ ಇಂಗುಕಾಲುವೆಗೆ ಆ ಮಣ್ಣು ಒಗ್ಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಇಳಿದುಹೋದರೂ ತೊಂದರೆಯೇ, ಸೋಸುವಷ್ಟು ಹೊತ್ತು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಾವು ಮೊದಲು ಮೆಚ್ಚಿದ್ದ ಜಾಗದಲ್ಲಿ ಮಧ್ಯಾಹ್ನದವರೆಗೂ ನೀರು ಅಲ್ಲಾಡದೆ ನಿಂತಿತ್ತು. ನೋಟ ಚೆನ್ನಾಗಿದ್ದ ಜಾಗ, ಮರಗಳಿದ್ದ ಜಾಗ, ಆದರೂ ಅದನ್ನು ಬಿಟ್ಟೆವು. ಈಗಿರುವ ಜಾಗದಲ್ಲಿ ಪರೀಕ್ಷೆ ಗೆದ್ದಿತು. ಕೊಳವೆಬಾವಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ, ಇಂಗುಕಾಲುವೆಯನ್ನು ಕೆಳಭಾಗಕ್ಕೆ ಇಟ್ಟು, ಎರಡರ ನಡುವೆ 30 ಮೀಟರಿಗಿಂತ ಹೆಚ್ಚು ಅಂತರ ಬಿಟ್ಟಿದ್ದೇವೆ. ಟ್ಯಾಂಕಿನ ಕೆಸರನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ತೆಗೆಸಬೇಕು. ಅದಕ್ಕೆ ಬರುವ ವಾಹನ ಟ್ಯಾಂಕಿನವರೆಗೆ ತಲುಪುವಂತೆ ದಾರಿ ಬಿಟ್ಟಿರಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ಹೇಳಿಬಿಡಿ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ಮಾತು. ಬಿರುಗಾಳಿಗೆ ತಂತಿಗಳು ಹರಿದುಬಿದ್ದಾಗ ಹೆಚ್ಚು ಮನೆಗಳಿಗೆ ಬೆಳಕು ಕೊಡುವ ಮಾರ್ಗಗಳನ್ನು ಮೊದಲು ಸರಿಪಡಿಸುತ್ತಾರೆ, ಅದು ನ್ಯಾಯವೂ ಹೌದು. ಸಾಲಿನ ತುದಿಯಲ್ಲಿರುವ ಮನೆ ಕೊನೆಗೆ ಬರುತ್ತದೆ. ಅಲ್ಲಿ ಕರೆಂಟ್ ಇಲ್ಲವೆಂದರೆ ಪಂಪಿಲ್ಲ, ಪಂಪಿಲ್ಲವೆಂದರೆ ನೀರಿಲ್ಲ. ಎತ್ತರದ ತೊಟ್ಟಿಯನ್ನು ಯಾವಾಗಲೂ ತುಂಬಿಸಿಡುವ ಹೊಣೆ ಮೊದಲು ಪತಿಯ ಹೆಸರಿಗೆ ಬಿತ್ತು.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಆಂಬುಲೆನ್ಸ್ ನಿಮ್ಮ ಮನೆಗೆ ಬರಬೇಕು, ಮನೆ ಹುಡುಕಬೇಕು, ಆಮೇಲೆ ಹಿಂದಿರುಗಬೇಕು. ಹೃದಯ ನಿಂತವರಿಗೆ ಎದೆ ಒತ್ತುವ ಚಿಕಿತ್ಸೆಯೂ ವಿದ್ಯುತ್ ಆಘಾತವೂ ಸಿಗದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಈ ಲೆಕ್ಕವನ್ನು ನಾನು ಬಹಳ ಸಲ ಮನಸ್ಸಿನಲ್ಲಿ ಮಾಡಿದೆ, ಅತ್ತೆಗೆ ವಯಸ್ಸಾಗಿದೆ. ಇಲ್ಲಿ ಸಮಾಧಾನದ ಮಾತು ಹೇಳಲಾರೆ: ಗಡಿಯಾಚೆ ಈ ಅಪಾಯ ಹೆಚ್ಚು, ಅದನ್ನು ಪೂರ್ತಿ ಇಲ್ಲವಾಗಿಸುವ ಉಪಾಯ ಇಲ್ಲ. ತಗ್ಗಿಸಬಹುದು. ನಾವು ಮೂವರೂ ಎದೆ ಒತ್ತುವುದನ್ನು ತರಬೇತಿ ಪಡೆದು ಕಲಿತಿದ್ದೇವೆ: ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ರಾತ್ರಿಯೂ ಓದಲು ಬರುವ ದೊಡ್ಡ ಮನೆ ಸಂಖ್ಯೆಯನ್ನು ಮುಖ್ಯರಸ್ತೆಯ ತಿರುವಿನಲ್ಲೇ ಹಾಕಿದ್ದೇವೆ. ಅಗ್ನಿಶಾಮಕ ವಾಹನ ಒಳಗೆ ಬರುವಷ್ಟು ಅಗಲದ ಗೇಟು ಇಟ್ಟಿದ್ದೇವೆ. ಇವೆಲ್ಲವನ್ನೂ ತಿಳಿಸಿ ಅತ್ತೆಯನ್ನು ಮತ್ತೆ ಕೇಳಿದೆವು. ಅವರು ಒಪ್ಪಿದ ಮೇಲೆಯೇ ಮುಂದುವರಿದೆವು. ದಿನವೂ ಮಾತನಾಡಲು ಜನ ಬೇಕು ಎಂಬುದು ಅವರ ಷರತ್ತು. ನೆರೆಮನೆ ನಡೆದು ಹೋಗುವಷ್ಟು ಹತ್ತಿರ ಇರುವ ಜಾಗವನ್ನೇ ಹುಡುಕಿದ್ದು ಅದಕ್ಕಾಗಿ.

ಓಡಾಟದ ಲೆಕ್ಕ ಸರಳ, ಆದರೂ ಜನ ಅದನ್ನು ಮಾಡುವುದೇ ಇಲ್ಲ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ವರ್ಷಕ್ಕೆ 240 ಕೆಲಸದ ದಿನಗಳೆಂದರೆ 480 ಗಂಟೆ. ಹಗಲೂ ರಾತ್ರಿಯೂ ಸೇರಿ ಪೂರ್ತಿ 20 ದಿನ. ಜನ ಯಾವ ಕಾಲದಲ್ಲೂ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾ ಬಂದಿದ್ದಾರೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಅದು ದುಪ್ಪಟ್ಟಾದರೆ ಏನಾಗುತ್ತದೆ? ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಆಧರಿಸಿ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಕಂಡುಕೊಂಡದ್ದೇನೆಂದರೆ, ಹೆಚ್ಚು ದೂರ ಓಡಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಳ್ಳುತ್ತಾರೆ. ಒಳ್ಳೆಯ ಮನೆಯಾಗಲಿ ಹೆಚ್ಚಿನ ಸಂಬಳವಾಗಲಿ ಆ ಕೊರತೆಯನ್ನು ತುಂಬುವುದಿಲ್ಲ. ನಾನು ವಾರದ ಬಹುಪಾಲು ಮನೆಯಿಂದಲೇ ಕೆಲಸ ಮಾಡಲು ಸಾಧ್ಯವಾಗದೇ ಇದ್ದಿದ್ದರೆ ನಾವು ಬರುತ್ತಿರಲಿಲ್ಲ. ದಿನವೂ ಹೋಗಲೇಬೇಕಾದ ಉದ್ಯೋಗ ಇಬ್ಬರಿಗೂ ಇರುವ ಮನೆಗೆ ನಾನು ಈ ಬದುಕನ್ನು ಶಿಫಾರಸು ಮಾಡುವುದಿಲ್ಲ.

ಇಷ್ಟೆಲ್ಲ ಕಷ್ಟ ಹೇಳಿದ ಮೇಲೂ ನಾವು ಇಲ್ಲಿದ್ದೇವೆ, ಸಂತೋಷದಿಂದ ಇದ್ದೇವೆ. ಅದಕ್ಕೆ ಮುಖ್ಯ ಕಾರಣ ರಾತ್ರಿಗಳು. ಲಂಡನ್ ನಗರ ಸುತ್ತಲಿನ ಹಳ್ಳಿಗಾಡಿಗಿಂತ ಬೆಚ್ಚಗಿರುತ್ತದೆ, ಅದೂ ರಾತ್ರಿಯ ಹೊತ್ತು ಹೆಚ್ಚಾಗಿ, ಎಂದು ಲ್ಯೂಕ್ ಹೋವರ್ಡ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಅಳೆದು ತೋರಿಸಿದ್ದ. ಹಗಲೆಲ್ಲ ಕಾದ ಕಟ್ಟಡ, ರಸ್ತೆಗಳು ರಾತ್ರಿ ಬಿಸಿಯನ್ನು ಹೊರಬಿಡುತ್ತವೆ. ಇಲ್ಲಿ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ನೆಲ ತಂಪಾಗುತ್ತದೆ, ಕಿಟಕಿ ತೆರೆದು ಮಲಗುತ್ತೇವೆ. ರಸ್ತೆಯ ಸದ್ದು ರಾತ್ರಿ 45 ಡೆಸಿಬಲ್ ಮೀರಿದರೆ ನಿದ್ದೆಗೆ ಕೆಡುಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಹಳೆಯ ಮನೆಯ ಕಿಟಕಿಗೆ ಆ ಮಿತಿ ಗೊತ್ತೇ ಇರಲಿಲ್ಲ, ಅಲ್ಲಿ ಸದ್ದು ನಿಂತದ್ದೇ ಇಲ್ಲ. ಇನ್ನು ಆಕಾಶ. ಬರಿಗಣ್ಣಿಗೆ ಆಂಡ್ರೊಮಿಡಾ ಗೆಲಾಕ್ಸಿಯನ್ನು ಮಗಳಿಗೆ ತೋರಿಸಿದ ದಿನ, ಆ ಮಸುಕು ಚುಕ್ಕೆಯ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾದವು ಎಂದಾಗ ಅವಳು ಪುಸ್ತಕ ಬದಿಗಿಟ್ಟು ಬಹಳ ಹೊತ್ತು ನೋಡುತ್ತಾ ನಿಂತಳು. ಇಂಥದ್ದಕ್ಕೆ ಪಟ್ಟಿಯಲ್ಲಿ ಯಾವ ಅಂಕಣದಲ್ಲೂ ಜಾಗ ಮಾಡಲು ನನಗೆ ಬರಲಿಲ್ಲ. ಆದರೂ ತಕ್ಕಡಿಯ ತೂಕ ಬದಲಿಸಿದ್ದು ಅದೇ.

ಬರುವವರು ಗಮನಿಸದೇ ಬಿಡುವ ಸಂಗತಿ ಇನ್ನೊಂದಿದೆ: ನಗರ ತನಗೆ ಬೇಡವಾದದ್ದನ್ನೆಲ್ಲ ಗಡಿಯಾಚೆಗೆ ತಳ್ಳುತ್ತದೆ. ಕಸ ಸುರಿಯುವ ಜಾಗ, ಕಲ್ಲುಗಣಿ, ಕೊಳಚೆ ನೀರಿನ ಶುದ್ಧೀಕರಣ ಘಟಕ ಎಲ್ಲವೂ ಬರುವುದು ನೀವು ನೆಮ್ಮದಿ ಹುಡುಕಿಕೊಂಡು ಬಂದ ಅದೇ ಬಯಲಿಗೆ. ಅದಲ್ಲದೆ ಗಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. ನಗರ ಬೆಳೆದು ನಿಮ್ಮ ಜಾಗವನ್ನು ತನ್ನೊಳಗೆ ಸೇರಿಸಿಕೊಂಡರೆ ತೆರಿಗೆ ಏರಿ, ಕೊಳವೆಗಳು ತಡವಾಗಿ ಬರುವುದೂ ಉಂಟು. ಖಾಲಿ ಬಯಲಿನ ನೋಟಕ್ಕೆ ಮನಸೋಲುವ ಮುಂಚೆ ಆ ಬಯಲು ಯಾರದು, ನಗರಯೋಜನೆಯ ನಕ್ಷೆಯಲ್ಲಿ ಅದನ್ನು ಯಾವ ಬಳಕೆಗೆಂದು ಯಾವ ಬಣ್ಣದಲ್ಲಿ ಗುರುತಿಸಿದ್ದಾರೆ ಎಂದು ಕಚೇರಿಗೇ ಹೋಗಿ ನೋಡಿ. ಗಾಳಿ ಯಾವ ಋತುವಿನಲ್ಲಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು ಅಲ್ಲೇ ಹುಟ್ಟಿ ಬೆಳೆದವರು ಹೇಳುತ್ತಾರೆ.

ಇಂಟರ್ನೆಟ್ ವಿಷಯ ಬೇಗ ಮುಗಿಸುತ್ತೇನೆ. ಕೇಬಲ್ ಬರದ ಕಡೆ ಉಪಗ್ರಹದ ಸಂಪರ್ಕ ಪಡೆಯುವುದಾದರೆ ಅದು ಎಷ್ಟು ಎತ್ತರದ್ದು ಎಂದು ಕೇಳಿ. 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹವಾದರೆ ಮಾತಿಗೂ ಉತ್ತರಕ್ಕೂ ನಡುವೆ ಅರ್ಧ ಸೆಕೆಂಡಿನಷ್ಟು ತಡವಾಗಿ ವಿಡಿಯೊ ಸಭೆಗಳು ತೊದಲುತ್ತವೆ. ಕೆಳಕಕ್ಷೆಯವುಗಳಲ್ಲಿ ಈ ತೊಂದರೆ ಇಲ್ಲ.

ಕೊಳ್ಳುವ ಮೊದಲು ಅದೇ ಸುತ್ತಿನಲ್ಲಿ ಬಾಡಿಗೆಗೆ ಇದ್ದೆವು, ವರ್ಷದ ಅತಿ ಕಷ್ಟದ ತಿಂಗಳುಗಳನ್ನೇ ಆರಿಸಿಕೊಂಡು. ರಸ್ತೆ ಕೆಸರಾಗುವುದು, ಕರೆಂಟ್ ಹೋಗುವುದು, ಬಾವಿ ಬತ್ತುವುದು ಎಲ್ಲ ಆಗ ಗೊತ್ತಾಯಿತು. ಯಾರು ಸಹಾಯಕ್ಕೆ ಬರುತ್ತಾರೆ ಎಂಬುದೂ ಗೊತ್ತಾಯಿತು. ಎಲ್ಲ ಋತುಗಳನ್ನೂ ಕಾಣುವವರೆಗೆ ನಗರದ ಮನೆ ಮಾರಲಿಲ್ಲ. ಪಟ್ಟಿಯ ಕೊನೆಯಲ್ಲಿ ಮರಳಿ ಹೋಗುವ ಷರತ್ತುಗಳನ್ನೂ ಬರೆದಿದ್ದೇವೆ: ಸತತ ಎರಡು ಬೇಸಿಗೆ ಬಾವಿ ಕೈಕೊಟ್ಟರೆ, ಅತ್ತೆಗೆ ಸಾಕೆನಿಸಿದರೆ, ನಮ್ಮಿಬ್ಬರಲ್ಲಿ ವಾಹನ ಓಡಿಸುವವರು ಯಾರೂ ಉಳಿಯದಿದ್ದರೆ. ಪ್ರತಿ ವರ್ಷ ಆ ಕಾಗದವನ್ನು ಹರಡಿಕೊಂಡು ನಾಲ್ವರೂ ಕುಳಿತು ಹೆಸರುಗಳನ್ನು ಬದಲಾಯಿಸುತ್ತೇವೆ. ಈ ಸಲ ಎತ್ತರದ ತೊಟ್ಟಿಯ ಹೊಣೆಯನ್ನು ಮಗಳು ತಾನೇ ಕೇಳಿ ಪಡೆದಿದ್ದಾಳೆ.