ಹಂಚಿನ ಮನಿ ಸೋರಾಕತ್ತಿದ್ರ ಮೊದಲ ಅಟ್ಟ ಹತ್ತಿ ಮರ ನೋಡ್ರಿ

ಧಾರವಾಡದಾಗ ಹಂಚಿನ ಮನಿ ಇದ್ದವ್ರಿಗೆ ಜೋರು ಮಳಿಗಿಂತ ಜಿಟಿಜಿಟಿ ಮಳೀನ ಕೆಟ್ಟದ್ದು. ಜೋರು ಮಳಿ ಹೊಡದು ಹೋಗಿಬಿಡ್ತೈತಿ, ಜಿಟಿಜಿಟಿ ಹಿಡೀತಂದ್ರ ವಾರಗಟ್ಟಲೆ ಬಿಸಲ ಇಲ್ಲ, ಅಟ್ಟದಾಗಿನ ಮರ ಒಳಗೊಳಗ ನೀರ ಕುಡ್ಕೋತ ಇರ್ತೈತಿ, ಕೆಳಗಿದ್ದವ್ರಿಗೆ ಗೊತ್ತ ಆಗೂದಿಲ್ಲ. ಮಾಳಮಡ್ಡಿಯ ನಮ್ಮ ಹಳೇ ಮನ್ಯಾಗ ಹಿಂಗ ಒಂದು ಪಕಾಸಿ (ಹಂಚಿನ ಭಾರ ಹೊರೋ ಇಳಿಜಾರಿನ ಮರ) ಕಳಕೊಂಡೀವಿ, ಅದಕ್ಕ ಬರ್ಯಾಕತ್ತೀನಿ.

ನೀರು ತೊಟ್ಟಿಕ್ಕೋ ಜಾಗದಾಗ ತೂತು ಇರತೈತಿ ಅಂತ ತಿಳ್ಕೋಬ್ಯಾಡ್ರಿ. ಹಂಚಿನಿಂದ ಇಳದ ನೀರು ರೀಪಿಗೆ (ಹಂಚು ಕೂಡೋ ಅಡ್ಡ ಪಟ್ಟಿಗೆ) ಬಂದು, ಪಕಾಸಿ ಹಿಡ್ಕೊಂಡು ಇಳಿಜಾರಿಗೆ ಹರಕೋತ ಹೋಗಿ ಎಲ್ಲಿ ಮೊಳಿ ಸಿಗತೈತೋ ಅಲ್ಲಿ ಹನೀತೈತಿ. ಬಕೆಟ್ ಇಟ್ಟ ಜಾಗದ ಮ್ಯಾಲಿನ ಹಂಚು ಬದಲಿ ಮಾಡಿದ್ರ ರೊಕ್ಕ ದಂಡ. ಹಸಿ ಕಲೆ ಹಿಡ್ಕೊಂಡು ಮ್ಯಾಲ ಮ್ಯಾಲ ಹುಡುಕಬೇಕು.

ಅಟ್ಟದಾಗ ವೈರಿಂಗ್ ಇದ್ರ ಮೊದಲ ಮೇನ್ ಸ್ವಿಚ್ ಬಂದ್ ಮಾಡ್ರಿ, ಕಾಲು ಹಲಗಿ ನಡುವ ಇಡದ ಕೆಳಗ ತೊಲಿ ಇದ್ದಲ್ಲೇ ಇಡ್ರಿ. ಹಗಲೊತ್ತಿನಾಗ ಬ್ಯಾಟರಿ ಆರಿಸಿ ಐದು ನಿಮಿಷ ಸುಮ್ಮನ ಕೂತು ನೋಡ್ರಿ. ಹಂಚಿನ ಸಾಲು ಕೂಡೋ ಸಂದಿಯಾಗ ಚೂರು ಬೆಳಕ ಬರೂದು ಸಹಜ, ಆದ್ರ ಹಂಚಿನ ನಡುವ ಕೂದಲೆಳಿಯಂಗ ಬೆಳಕಿನ ಗೆರಿ ಕಂಡ್ರ ಅದು ಬಿರುಕು, ಬಳಪದಿಂದ ಗುರ್ತ ಹಾಕ್ರಿ. ಏನೂ ಕಾಣಲಿಲ್ಲಂದ್ರ ಮಳಿ ಇಲ್ಲದ ದಿನ ಒಬ್ಬರು ಹೊರಗಿಂದ ಪೈಪಲೆ ನೀರು ಬಿಡ್ರಿ, ಕೆಳಗಿನ ಸಾಲಿನಿಂದ ಶುರು ಮಾಡಿ ಸಾವಕಾಶ ಮ್ಯಾಲೇರ್ರಿ, ಒಬ್ಬರು ಅಟ್ಟದಾಗ ಕಾಯ್ರಿ. ಮಂಗ್ಯಾ ಜಿಗದು ಒಡದ ಹಂಚು, ನೆತ್ತಿ ಮ್ಯಾಲಿನ ಹಂಚಿನ ಸಿಮೆಂಟ್ ಬಿರುಕು, ಗ್ವಾಡಿಗೆ ಹಂಚು ಕೂಡೋ ಸಂದಿ, ಎರಡು ಇಳಿಜಾರು ಕೂಡೋ ಕಡೆ ಎಲಿ ತುಂಬಿದ ತಗಡು, ಬಹಳ ಸರ್ತಿ ಇವುಗಳಾಗ ಒಂದ ಇರತೈತಿ.

ಹೊಸ ಹಂಚು ತರಾಕ ಹೋಗುವಾಗ ಹಳೇದೊಂದು ಕೈಯಾಗ ಹಿಡ್ಕೊಂಡ ಹೋಗ್ರಿ. ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಸಂಸ್ಥೆಯವ್ರು 1865ರಾಗ ಮಂಗಳೂರಾಗ ಹಂಚಿನ ಕಾರ್ಖಾನಿ ಹಾಕಿದ ಮ್ಯಾಲೆ ಎಷ್ಟೋ ಕಾರ್ಖಾನಿ ಬಂದ್ವು, ಒಂದರ ಅಚ್ಚಿನ ಹಂಚು ಇನ್ನೊಂದರ ಜೋಡಿ ಸರಿಯಾಗಿ ಕಚ್ಚಿ ಕೂಡೂದಿಲ್ಲ, ಆ ಸಂದಿಯಿಂದ ಮತ್ತ ಸೋರತೈತಿ.

ಈಗ ಮರದ ಮಾತು, ನನಗ ಹೇಳಬೇಕಾದ್ದು ಇದ. ನಮ್ಮ ಪಕಾಸಿ ಮ್ಯಾಲೆ ಕರೀ ಕಲೆ ಬಿದ್ದಿದ್ದು ಕಂಡು ಹಸಿ ಇದ್ದಾಗನ ಎಣ್ಣಿ ಬಣ್ಣ ಹೊಡಸಿದ್ವಿ, ಹೊಳೀತಿತ್ತು. ಮುಂದಿನ ವರ್ಷ ಸ್ಕ್ರೂ ಡ್ರೈವರ್ ಚುಚ್ಚಿದ್ರ ಎರಡಿಂಚು ಬೆಣ್ಯಾಗ ಹೋದಂಗ ಹೋತು, ಬಣ್ಣದ ಪದರಿನ ಕೆಳಗ ಮರ ಚೌಕ ಚೌಕ ಸೀಳಿತ್ತು, ಬೆರಳಾಗ ತಿಕ್ಕಿದ್ರ ಪುಡಿ. ಬಣ್ಣ ಒಳಗಿನ ನೀರನ್ನ ಹೊರಗ ಹೋಗಗೊಡಲಿಲ್ಲ. ಹಸಿ ಮರಕ್ಕ ಏನೂ ಬಳೀಬ್ಯಾಡ್ರಿ. ಸೋರೂದು ನಿಂತ ಮ್ಯಾಲೆ ಕಿಟಕಿ ತಗದು, ಫ್ಯಾನ್ ಹಚ್ಚಿ, ವಾರಗಟ್ಟಲೆ ಒಣಗಾಕ ಬಿಡ್ರಿ. ತೇವ ಅಳಿಯೋ ಮೀಟರ್ ಸಿಕ್ಕರ ಶೇಕಡಾ 20ಕ್ಕಿಂತ ಕಡಿಮಿ ಬಂದ್ರ ಕೊಳಿಸೋ ಬೂಸ್ಟಿಗೆ ಬೆಳ್ಯಾಕ ಆಗೂದಿಲ್ಲ.

ಎಲ್ಲಕ್ಕಿಂತ ಮುಖ್ಯ, ಗ್ವಾಡಿಯೊಳಗ ಹೂತ ಮರದ ತುದಿ ಚುಚ್ಚಿ ನೋಡ್ರಿ. ಅಲ್ಲಿ ಗಾಳಿ ಇಲ್ಲ, ಕೊಳೆಯೋದು ಅಲ್ಲಿಂದನ. ಮಣ್ಣಿನ ಸಣ್ಣ ಸುರಂಗ ಏರಿದ್ರ ವರಲಿ (ಗೆದ್ದಲು) ಹತ್ತೈತಿ, ಅದರ ಇಲಾಜ ಬ್ಯಾರೆ. ಮ್ಯಾಲಿನ ಪದರ ಅಷ್ಟ ಮೆತ್ತಗಾಗಿದ್ರ ಕೆತ್ತಿ ತಗದು, ಕೈಗವಸ ಹಾಕ್ಕೊಂಡು ಬೋರಾಕ್ಸ್, ಬೋರಿಕ್ ಆಸಿಡ್ ಬಿಸಿನೀರಾಗ ಕರಗಿಸಿ ಎರಡ್ಮೂರು ಸರ್ತಿ ಹಚ್ಚರಿ, ನೀರು ತಾಗಿದ್ರ ಅದು ತೊಳಕೊಂಡ ಹೋಗತೈತಿ, ಅದಕ್ಕ ಸೋರೂದು ಮೊದಲ ನಿಂದ್ರಬೇಕು. ಆಳಕ್ಕ ಕೊಳೆತಿದ್ರ ಗಟ್ಟಿ ಮರ ಸಿಗೋತನಕ ಕೊಯ್ದು, ಮಗ್ಗಲಕ್ಕ ಹೊಸ ಮರ ಜೋಡಿಸಿ ಬೋಲ್ಟ್ ಹಾಕಸ್ರಿ. ತೊಲಿ ಕೊಳೆತಿದ್ರ ನೀವು ಕೈ ಹಚ್ಚಬ್ಯಾಡ್ರಿ, ಕೆಳಗ ಕಂಬದ ಆಸರ ಕೊಟ್ಟು ಅನುಭವಸ್ಥ ಬಡಿಗ್ಯಾರ್ನ ಕರೀರಿ.

ಗದಗ ಕಡೆ ಮಣ್ಣಿನ ಮಾಳಿಗಿ (ಮಣ್ಣು ಹಾಸಿದ ಸಪಾಟ ಛಾವಣಿ) ಇದ್ದವ್ರು ಸೋರೂದಕ್ಕ ವರ್ಷಾ ವರ್ಷಾ ಮ್ಯಾಲೆ ಮಣ್ಣ ಹಾಕತಾರ, ಅದನ್ನ ಹೊರೋ ಜಂತಿ ಮ್ಯಾಲೆ ಭಾರ ಏರತೈತಿ. ಹಳೇ ಮಣ್ಣ ತಗದ ಹೊಸಾದ ಹಾಕ್ರಿ, ನೀರು ಹೋಗೋ ಕಿಂಡಿ ಸ್ವಚ್ಛ ಇಡ್ರಿ.

ಕೆಲಸ ಮುಗದ ಮ್ಯಾಲೆ ಬಳಪದ ಗುರ್ತ ಅಳಸಬ್ಯಾಡ್ರಿ, ಮುಂದಿನ ಮಳಿ ಬಂದ ರಾತ್ರಿ ಅಟ್ಟ ಹತ್ತಿ ಅಲ್ಲೇ ಕೈ ಇಟ್ಟು ನೋಡ್ರಿ.