ದಾರ ಎಳೆದರೆ ಆಡುವ ಪಾದ: ನನ್ನ ಅನುಭವ

ಮೊಣಕಾಲಿಂದ ಕೆಳಗಿನ ಸ್ನಾಯುಗಳನ್ನು ಪಾಠ ಮಾಡುವ ಎಲ್ಲರಿಗೂ ಈ ಕಷ್ಟ ಗೊತ್ತು. ಹುಡುಗರು ಒರಿಜಿನ್ (ಸ್ನಾಯು ಹುಟ್ಟುವ ಜಾಗ), ಇನ್ಸರ್ಷನ್ (ಸೇರುವ ಜಾಗ), ನರ್ವ್ ಸಪ್ಲೈ (ಅದನ್ನು ಆಡಿಸುವ ನರ) ಮೂರನ್ನೂ ಗಿಳಿಪಾಠ ಒಪ್ಪಿಸುತ್ತಾರೆ. "ಕಾಲಿನ ಹೊರಬದಿಯ ಸ್ನಾಯು ಪೆರೋನಿಯಸ್ ಲಾಂಗಸ್ ಎಳೆದರೆ ಹೆಬ್ಬೆರಳಿನ ಬುಡ ಮೇಲೆ ಹೋಗುತ್ತೋ ಕೆಳಗೆ ಹೋಗುತ್ತೋ?" ಅಂತ ಕೇಳಿ ನೋಡಿ, ಸದ್ದೇ ಇಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಈಗ ಫಿಸಿಯೋ, ನರ್ಸಿಂಗ್, ಡೆಂಟಲ್ ಅಂತ ಅನಾಟಮಿ ಓದುವ ಮಕ್ಕಳು ಬೀದಿ ಬೀದಿಯಲ್ಲಿ ಸಿಗುತ್ತಾರೆ. ನಾನು ವಿದ್ಯಾನಗರದ ಮನೆಯ ಮಹಡಿಯಲ್ಲಿ ಸಂಜೆ ಹೊತ್ತು ಅಂಥವರಿಗೆ ಪಾಠ ಹೇಳುತ್ತೇನೆ. ಅವರಿಗಾಗಿ ದಾರ ಎಳೆದರೆ ಆಡುವ ಒಂದು ಕಾಲು ಮಾಡುತ್ತೇನೆ ಅಂದಾಗ ಜೊತೆಯ ಮೇಷ್ಟ್ರುಗಳು ನಕ್ಕರು. "ಚಾರ್ಟ್ ಇದೆ, ಮೊಬೈಲಲ್ಲಿ ತ್ರೀಡಿ ಇದೆ, ಡಿಸೆಕ್ಷನ್ ಹಾಲಲ್ಲಿ ಬಾಡಿ ಇದೆ. ನಿನ್ನ ಗೊಂಬೆ ಯಾರಿಗೆ ಬೇಕು?" ಅಂದರು. ಈಗ ಅವರಲ್ಲೇ ಇಬ್ಬರು ನನ್ನ ಹತ್ತಿರ ಕಾಲು ಮಾಡಿಸಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ಶೇಡಿಮಣ್ಣು ತಂದೆ. ಪ್ಲಾಸ್ಟಿಕ್ ಮೂಳೆ ಮೇಲೆ ಮಣ್ಣಿನ ಸ್ನಾಯು ಮೆತ್ತಿದೆ. ಏಪ್ರಿಲ್ ಬಿಸಿಲಿಗೆ ಸೋಲಿಯಸ್ (ಮೀನಖಂಡದ ಒಳಪದರದ ಸ್ನಾಯು) ಸೀಳಿ ಎರಡು ಭಾಗ ಆಯಿತು. ಆಮೇಲೆ ಎಂ-ಸೀಲ್. ಗಟ್ಟಿ ಬಂತು, ಆದರೆ ಎತ್ತಲು ಇಬ್ಬರು ಬೇಕು. ಆಮೇಲೆ ಫೋಮ್ ಕತ್ತರಿಸಿ ಮೇಲೆ ಲ್ಯಾಟೆಕ್ಸ್ ಬಳಿದೆ. ನೋಡಲು ಚೌತಿ ಗಣಪನಷ್ಟು ಚಂದ, ಮಿಸುಕಾಡಲ್ಲ. ಈ ಮೂರಕ್ಕೇ ಹತ್ತಿರ ಹತ್ತಿರ ಐದು ಸಾವಿರ ಹೋಯಿತು. ಫೋಮ್ ಕಾಲು ಈಗಲೂ ಅಟ್ಟದ ಮೇಲಿದೆ.

ಅಲ್ಲಿಂದ ನನಗೆ ತಿಳಿದಿದ್ದು ಇಷ್ಟೇ. ಸ್ನಾಯುವಿನ ದಪ್ಪ ಮಾಡುವುದು ದಂಡ. ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಯಾವ ಮೂಳೆಯ ಹಿಂದೆ ತಿರುಗುತ್ತೆ, ಯಾವ ಪಟ್ಟಿಯ ಕೆಳಗೆ ನುಸುಳುತ್ತೆ, ಅದನ್ನು ಮಾತ್ರ ಸರಿಯಾಗಿ ಮಾಡಿ. ಪಾದ ತಾನಾಗೇ ಪಾಠ ಹೇಳುತ್ತೆ.

ಮೂಳೆ ವಿಷಯಕ್ಕೆ ಬರೋಣ. ತಂತಿಯಲ್ಲಿ ಜೋಡಿಸಿದ ಪಾದ ತರಬೇಡಿ, ಅದು ಹಲಗೆಯಷ್ಟು ಬಿಗಿ. ನಾನು ಆನ್‌ಲೈನಲ್ಲಿ ತರಿಸಿದ ಮೊದಲ ಸೆಟ್ ಹಾಗೇ ಇತ್ತು, ಜೊತೆಗೆ ಎರಡೂ ಫಿಬ್ಯುಲಾ (ಕಣಕಾಲಿನ ಹೊರಗಿನ ಸಣ್ಣ ಮೂಳೆ) ಬಲಗಾಲಿನವು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಬಿಡಿ ಮೂಳೆಯ ಸೆಟ್ ತನ್ನಿ, ನಾಲ್ಕು ಸಾವಿರದ ಆಸುಪಾಸು ಆಗುತ್ತೆ. ಮುಂಪಾದವನ್ನು ಅಂಟಿಸಿ ಒಂದು ಮಾಡಿ, ಬೆರಳು ಬಿಡಿಯಾಗಿರಲಿ. ಹೆಬ್ಬೆರಳ ಮೆಟಟಾರ್ಸಲ್ (ಬೆರಳಿನ ಹಿಂದಿನ ಉದ್ದ ಮೂಳೆ) ಮತ್ತು ಅದರ ಹಿಂದಿನ ಮೀಡಿಯಲ್ ಕ್ಯೂನಿಫಾರ್ಮ್ ಮೂಳೆಯ ಜೋಡಿಯನ್ನು ಮಾತ್ರ ಸ್ವಲ್ಪ ಸಡಿಲ ಬಿಡಿ. ಲಿಗಮೆಂಟ್‌ಗೆ ಸೈಕಲ್ ಟ್ಯೂಬಿನ ಪಟ್ಟಿ ಸಾಕು. ಒಳಗಿನ ದಪ್ಪ ಮೂಳೆ ಟಿಬಿಯಾ ಮತ್ತು ಫಿಬ್ಯುಲಾ ನಡುವಿನ ಪೊರೆಗೆ ಹಳೇ ಎಕ್ಸ್‌ರೇ ಫಿಲ್ಮ್ ಹಾಕಿದೆ. ಇದನ್ನು ನೋಡಿ ಎಲ್ಲರೂ ಖುಷಿ ಪಡುತ್ತಾರೆ.

ತಲೆ ಕೆಡಿಸಿದ್ದು ಟೇಲಸ್ (ಗಿಣ್ಣಿನ ಮೂಳೆ) ಮತ್ತು ಹಿಮ್ಮಡಿ ಮೂಳೆ ನಡುವಿನ ಸಬ್‌ಟೇಲಾರ್ ಕೀಲು. ಬಾಗಿಲಿನ ಕೀಲನ್ನೇ ನೇರ ಹಾಕಿ ನೋಡಿದೆ. ಪಾದ ಒಳಗೆ ಹೊರಗೆ ಆಡಿತು, ಆದರೆ ಯಂತ್ರದ ಕಾಲು. ನಿಜವಾದ ಅಕ್ಷ ಓರೆಯಾಗಿದೆ. ನೆಲದಿಂದ ಸರಾಸರಿ 42 ಡಿಗ್ರಿ ಮೇಲೆ ವಾಲಿ, ಹಿಮ್ಮಡಿಯ ಹೊರಬದಿಯಿಂದ ಮುಂದಕ್ಕೂ ಒಳಕ್ಕೂ ಹೋಗುತ್ತೆ. ಆ ಓರೆಗೆ ಸೈಕಲ್ ಸ್ಪೋಕ್ ಕೂರಿಸಿದ ದಿನ ಇನ್ವರ್ಷನ್ (ಅಂಗಾಲು ಒಳಕ್ಕೆ ಹೊರಳುವುದು) ಜೀವಂತವಾಗಿ ಬಂತು. ಸ್ಪೋಕ್ ಅಲ್ಲಾಡದ ಹಾಗೆ ಹೇಗೆ ಹಿಡಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ನನ್ನ ಕಾಲು ಮಾರಾಟ ಆಗುತ್ತಿರುವುದೇ ಅದರಿಂದ.

ದಾರದ್ದೇ ಒಂದು ದೊಡ್ಡ ಕಥೆ. ಗಾಳದ ನೈಲಾನ್ ಹಿಗ್ಗುತ್ತೆ. ಎಳೆದರೆ ದಾರ ಬರುತ್ತೆ, ಪಾದ ಬರಲ್ಲ. ಜೊತೆಗೆ ತಿರುವಿನಲ್ಲಿ ಪ್ಲಾಸ್ಟಿಕ್ ಮೂಳೆಯನ್ನೇ ಕೊಯ್ದು ಗಾಡಿ (ತೋಡು) ಮಾಡುತ್ತೆ. ಎಲಾಸ್ಟಿಕ್ ಹಾಕಿದರೆ ಮಕ್ಕಳ ಆಟಿಕೆ. ಕೊನೆಗೆ ಸೈಕಲ್ ಬ್ರೇಕಿನ ಒಳತಂತಿ ಕೈ ಹಿಡಿಯಿತು. ಕೇಬಲ್ಲಿನ ಹೊರ ಕವಚವನ್ನು ಇಂಚಿನ ತುಂಡು ಮಾಡಿ, ಮೂಳೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅರಾಲ್ಡೈಟ್ ಹಾಕಿ ಕೂರಿಸಿದರೆ ಟೆಂಡನ್ ಶೀತ್ (ಟೆಂಡನ್ ಜಾರುವ ಕೊಳವೆ) ಸಿದ್ಧ. ಬೆರಳಿಗೆ ಮಾತ್ರ ಬ್ರೇಕ್ ತಂತಿ ಜಾಸ್ತಿ ಬಿರುಸು. ಅದಕ್ಕೆ ಮಂಡಿಪೇಟೆ ಕಡೆ ಅಲೆದು ಹಳೇ ರೇಡಿಯೋ ರಿಪೇರಿಯವರ ಹತ್ತಿರ ಡಯಲ್ ದಾರ ಹುಡುಕಿದೆ. ಸಣ್ಣ, ಹಿಗ್ಗಲ್ಲ, ಗಂಟು ಜಾರಲ್ಲ. ಆ ಅಜ್ಜ ಒಂದು ಉಂಡೆ ಸುಮ್ನೆ ಕೊಟ್ಟರು. ಇನ್ನೊಂದು ಉಂಡೆ ಕೇಳಿದ್ದಕ್ಕೆ ಮಾತ್ರ ಇನ್ನೂರು ಹೇಳಿದರು.

ಇನ್ನು ತಿರುವುಗಳು. ಒಳ ಗಿಣ್ಣಿನ ಹಿಂದೆ ಮೂರು ದಾರ ಬೇಕು. ಮೂಳೆಗೆ ಅಂಟಿಕೊಂಡು ಪಾದವನ್ನು ಒಳಕ್ಕೆ ತಿರುಗಿಸುವ ಟಿಬಿಯಾಲಿಸ್ ಪೋಸ್ಟೀರಿಯರ್, ಅದರ ಹಿಂದೆ ನಾಲ್ಕು ಬೆರಳು ಮಡಿಸುವ ಫ್ಲೆಕ್ಸರ್ ಡಿಜಿಟೋರಮ್ ಲಾಂಗಸ್. ಆಮೇಲೆ ರಕ್ತನಾಳ, ನರಕ್ಕೆ ಜಾಗ ಬಿಡಿ. ಎಲ್ಲಕ್ಕಿಂತ ಹಿಂದೆ ಹೆಬ್ಬೆರಳು ಮಡಿಸುವ ಫ್ಲೆಕ್ಸರ್ ಹ್ಯಾಲ್ಯುಸಿಸ್ ಲಾಂಗಸ್. ಮೂರನ್ನೂ ಒಂದೇ ಕೊಳವೆಗೆ ತುರುಕಿದರೆ ಒಂದೆಳೆದರೆ ಮೂರೂ ಬರುತ್ತವೆ, ಪಾಠ ಅಲ್ಲಿಗೆ ಮುಗಿಯಿತು. ಹ್ಯಾಲ್ಯುಸಿಸ್ ದಾರ ಟೇಲಸ್ ಹಿಂಬದಿಯ ಎರಡು ಉಬ್ಬುಗಳ ನಡುವಿನ ಗಾಡಿಯಲ್ಲಿ ಇಳಿದು, ಹಿಮ್ಮಡಿ ಮೂಳೆಯ ಒಳಚಾಚು ಸಸ್ಟೆಂಟಾಕ್ಯುಲಮ್ ಟೇಲೈ ಅಡಿಯಲ್ಲಿ ನುಸುಳಬೇಕು. ಅಗ್ಗದ ಮೂಳೆಗಳಲ್ಲಿ ಈ ಗಾಡಿ ಇರುವುದೇ ಇಲ್ಲ, ಅರದಿಂದ ತೆಗೆಯಬೇಕು.

ಇಲ್ಲೊಂದು ಮಜಾ ಇದೆ. ಹೆಬ್ಬೆರಳು ಮಡಿಸುವ ಸ್ನಾಯು ಹುಟ್ಟುವುದು ಹೊರಗಿನ ಫಿಬ್ಯುಲಾದಲ್ಲಿ. ಉಳಿದ ನಾಲ್ಕು ಬೆರಳಿನದು ಒಳಗಿನ ಟಿಬಿಯಾದಲ್ಲಿ. ಎರಡಕ್ಕೂ ತಮ್ಮ ಬೆರಳು ಸಿಗಬೇಕಾದರೆ ಅಂಗಾಲಲ್ಲಿ ಅಡ್ಡ ಹಾಯಲೇಬೇಕು. ಪಾದ ತಿರುಗಿಸಿ ಅಂಗಾಲು ನೋಡಿದರೆ ನಮ್ಮ ಕಡೆಗೆ ಡಿಜಿಟೋರಮ್, ಮೂಳೆ ಕಡೆಗೆ ಹ್ಯಾಲ್ಯುಸಿಸ್. ಪುಸ್ತಕದಲ್ಲಿ ಇದೇ ಹೆನ್ರಿಯ ಗಂಟು. ಮೊದಲ ಸಲ ನೋಡಿದ ಒಬ್ಬ ಮೇಷ್ಟ್ರು "ದಾರ ಅದಲು ಬದಲು ಮಾಡಿದ್ದೀಯ" ಅಂತ ಗದರಿದರು. ಎಳೆದು ತೋರಿಸಿದೆ. ಆಮೇಲೆ ಟೀ ಅವರೇ ಕೊಡಿಸಿದರು.

ಪಾದ, ಬೆರಳು ಎತ್ತುವ ದಾರಗಳಿರುವ ಮುಂಭಾಗ ಸಲೀಸು. ಒಳಗಿಂದ ಹೊರಕ್ಕೆ ಟಿಬಿಯಾಲಿಸ್ ಆ್ಯಂಟೀರಿಯರ್, ಎಕ್ಸ್‌ಟೆನ್ಸರ್ ಹ್ಯಾಲ್ಯುಸಿಸ್, ಡಿಜಿಟೋರಮ್, ಪೆರೋನಿಯಸ್ ಟರ್ಷಿಯಸ್. ಟೆಂಡನ್ನುಗಳನ್ನು ಒತ್ತಿ ಹಿಡಿಯುವ ಪಟ್ಟಿ ರೆಟಿನಾಕ್ಯುಲಮ್‌ಗೆ ಬೆಲ್ಟಿನ ತುಂಡು, ಅದನ್ನು ಕಳಚುವ ಹಾಗೆ ಮಾಡಿ. ಕಳಚಿ ಎಳೆದರೆ ದಾರ ಬಿಲ್ಲಿನ ಹಗ್ಗದ ಹಾಗೆ ಎದ್ದು ನಿಲ್ಲುತ್ತೆ. ಆಗ ಬಲ ಕಡಿಮೆ ಸಾಕು, ಆದರೆ ದಾರ ತುಂಬಾ ಉದ್ದಕ್ಕೆ ಎಳೆಯಬೇಕು. ರೆಟಿನಾಕ್ಯುಲಮ್ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳಲ್ಲ.

ಪೆರೋನಿಯಸ್ ಲಾಂಗಸ್‌ಗೆ ಒಂದು ತಿಂಗಳ ಮೇಲೆ ಹಿಡಿಯಿತು. ಹೊರ ಗಿಣ್ಣಿನ ಹಿಂದೆ ಇಳಿದು, ಪಾದದ ಹೊರಬದಿಯ ಕ್ಯೂಬಾಯ್ಡ್ ಮೂಳೆಯ ಗಾಡಿಯಲ್ಲಿ ತಿರುಗಿ, ಅಂಗಾಲನ್ನು ಪೂರ್ತಿ ಅಡ್ಡ ದಾಟಿ, ಹೆಬ್ಬೆರಳ ಮೆಟಟಾರ್ಸಲ್ ಬುಡಕ್ಕೂ ಮೀಡಿಯಲ್ ಕ್ಯೂನಿಫಾರ್ಮ್‌ಗೂ ಸೇರಬೇಕು. ಎರಡು ಕಡೆ ಗಟ್ಟಿ ತಿರುವು. ಬ್ರೇಕ್ ತಂತಿ ಅಲ್ಲೇ ಸಿಕ್ಕಿಕೊಂಡು ಬಿಡುತ್ತಿತ್ತು. ಗ್ರೀಸ್ ಹಾಕಿದರೆ ಧೂಳು ಕೂತು ಇನ್ನೂ ಬಿಗಿ. ಈಗ ಹಾಕುವ ಪುಡಿಯ ಹೆಸರು ಕೇಳಬೇಡಿ, ಮನೆಯಲ್ಲೇ ಸಿಗುವಂಥದ್ದು. ಇದು ಸರಿಹೋದ ಮೇಲೆ ಟಿಬಿಯಾಲಿಸ್ ಆ್ಯಂಟೀರಿಯರ್ ಜೊತೆ ಎಳೆದು ನೋಡಿ. ಎರಡೂ ಎದುರು ಬದುರು ದಾರಿಯಿಂದ ಬಂದು ಅದೇ ಎರಡು ಮೂಳೆ ಹಿಡಿದಿವೆ. ಒಂದು ಹೆಬ್ಬೆರಳ ಬುಡವನ್ನು ಎತ್ತುತ್ತೆ, ಇನ್ನೊಂದು ನೆಲಕ್ಕೆ ಒತ್ತುತ್ತೆ. ಒಟ್ಟಿಗೆ ಬಿಗಿ ಮಾಡಿದರೆ ಪಾದದ ನಡುಭಾಗ ಜೋಲಿಯಲ್ಲಿ ಕೂರುತ್ತೆ.

ಮೀನಖಂಡದ ವಿಷಯದಲ್ಲಿ ಜಗಳವೇ ಆಯಿತು. ನಾನು ಫೀಮರಿನ (ತೊಡೆ ಮೂಳೆ) ಕೆಳತುದಿ ಸಮೇತ ಬೇಕು ಅಂದೆ. "ಲೆಗ್ ಅಂದರೆ ಮಂಡಿ ಕೆಳಗೆ, ಅದ್ಯಾಕೆ?" ಅಂದರು ಜೊತೆಯ ಮೇಷ್ಟ್ರುಗಳು. ಮೀನಖಂಡದ ಮೇಲ್ಪದರದ ಸ್ನಾಯು ಗ್ಯಾಸ್ಟ್ರೋಕ್ನೀಮಿಯಸ್ ಹುಟ್ಟುವುದೇ ಅಲ್ಲಿ, ಅಲ್ವಾ? ಫೀಮರ್ ಇದ್ದರೆ ಮಂಡಿ ಮಡಿಸಿದ ತಕ್ಷಣ ಆ ದಾರ ಸಡಿಲ. ಸೋಲಿಯಸ್ ದಾರಕ್ಕೆ ಏನೂ ಆಗಲ್ಲ. ಸಿಲ್ಫ್ವರ್‌ಷೋಲ್ಡ್ ಟೆಸ್ಟ್ (ಮೀನಖಂಡದ ಯಾವ ಸ್ನಾಯು ಬಿಗಿ ಅಂತ ನೋಡುವ ಪರೀಕ್ಷೆ) ಇದರಲ್ಲೇ ಕೈಗೆ ಸಿಗುತ್ತೆ. ಗ್ಯಾಸ್ಟ್ರೋಕ್ನೀಮಿಯಸ್ ದಾರವನ್ನು ಗಿಡ್ಡ ಮಾಡಿ ಕಟ್ಟಿ, ಮಂಡಿ ನೇರ ಇಟ್ಟರೆ ಪಾದ ಮೇಲೇಳಲ್ಲ, ಮಡಿಸಿದರೆ ಏಳುತ್ತೆ. ಸೋಲಿಯಸ್ ಗಿಡ್ಡ ಮಾಡಿದರೆ ಎರಡರಲ್ಲೂ ಏಳಲ್ಲ. ನಮ್ಮೂರಲ್ಲಿ ಗರಡಿಗೆ ಬರವಿಲ್ಲ. ಒಬ್ಬ ಪೈಲ್ವಾನ್ ಹುಡುಗನನ್ನು ಕರೆತಂದು ಪಕ್ಕದಲ್ಲೇ ತುದಿಗಾಲಲ್ಲಿ ನಿಲ್ಲಿಸಿದೆ. ಗ್ಯಾಸ್ಟ್ರೋಕ್ನೀಮಿಯಸ್‌ನ ಒಳಗಿನ ಹೆಡ್ (ಕವಲು) ಹೊರಗಿನದಕ್ಕಿಂತ ಕೆಳಗೆ ಇಳಿದಿರುವುದು ಹಿಂದಿನ ಸಾಲಿನವರಿಗೂ ಕಂಡಿತು. ಬೈಠಕ್ ಭಂಗಿಯಲ್ಲಿ ಕೂತಾಗ ಆ ಉಬ್ಬು ಮೆತ್ತಗಾಗಿ, ಕೆಳಗೆ ಇಬ್ಬದಿಯಲ್ಲಿ ಸೋಲಿಯಸ್ ಎದ್ದಿತು. ಅವನಿಗೆ ಕೊಟ್ಟ ಫೀಸು ಎರಡು ಬೆಣ್ಣೆ ದೋಸೆ.

ಈಗ ನನ್ನ ನಿಜವಾದ ಜಂಬ. ದಾರಗಳಿಗೆ ಬಣ್ಣ ಹಾಕಿದ್ದು ನರದ ಲೆಕ್ಕದಲ್ಲಿ, ಕಂಪಾರ್ಟ್‌ಮೆಂಟ್ (ಸ್ನಾಯುಗಳ ಕೋಣೆ) ಲೆಕ್ಕದಲ್ಲಿ ಅಲ್ಲ. ಡೀಪ್ ಪೆರೋನಿಯಲ್ ನೀಲಿ, ಸೂಪರ್‌ಫಿಶಿಯಲ್ ಹಳದಿ, ಟಿಬಿಯಲ್ ಕೆಂಪು. ಎಲೆಕ್ಟ್ರಿಕ್ ಅಂಗಡಿಯ ಶ್ರಿಂಕ್ ಸ್ಲೀವ್ ಸಾಕು. ಒಂದೇ ಬಣ್ಣದವು ಒಂದೇ ಕೊಕ್ಕೆಗೆ. ನೀಲಿ ಕೊಕ್ಕೆ ಬಿಟ್ಟರೆ ಪಾದ ಜೋತು ಬೀಳುತ್ತೆ, ಹಳದಿಯಿಂದ ಹೊರಕ್ಕೆ ತಿರುಗಿಸುವ ಶಕ್ತಿ ಉಳಿಯುತ್ತೆ. ನೀಲಿ, ಹಳದಿ ಎರಡೂ ಬಿಟ್ಟರೆ ಜೋತು ಬಿದ್ದು ಒಳಕ್ಕೂ ಹೊರಳುತ್ತೆ. ಅಲ್ಲಿಗೆ ಫಿಬ್ಯುಲಾ ಕುತ್ತಿಗೆಯ ಹತ್ತಿರ ಆ ಎರಡರ ತಾಯಿನರ ಕಾಮನ್ ಪೆರೋನಿಯಲ್‌ಗೆ ಪೆಟ್ಟು ಬಿದ್ದ ಲೆಕ್ಕ. ಬಿಗಿ ಪ್ಲಾಸ್ಟರ್ ಹಾಕಿದವರಲ್ಲಿ ಹೀಗಾಗುತ್ತೆ. ಈರುಳ್ಳಿ ಹೊಲದಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವವರಿಗೂ ಆಗಬಹುದು. ನಮ್ಮ ಮಕ್ಕಳಿಗೆ ಈ ಉದಾಹರಣೆ ಬೇಗ ಹತ್ತುತ್ತೆ.

ಅಲ್ಲಿಗೇ ನಿಲ್ಲಿಸಬೇಡಿ. ಎಕ್ಸ್‌ರೇ ಫಿಲ್ಮಿನಲ್ಲಿ ಒಂದು ಕಿಂಡಿ ಬಿಡಿ. ಕೆಂಪು ಟಿಬಿಯಾಲಿಸ್ ಪೋಸ್ಟೀರಿಯರ್ ದಾರವನ್ನು ಅದರ ಮೂಲಕ ಮುಂದಕ್ಕೆ ತಂದು ಪಾದದ ಮೇಲೆ ಕಟ್ಟಿ. ಎಳೆದರೆ ಬಿದ್ದ ಪಾದ ಏಳುತ್ತೆ. ಕುಷ್ಠದಿಂದ ಪಾದ ಬಿದ್ದವರಿಗೆ ಮಾಡುವ ಟೆಂಡನ್ ಟ್ರಾನ್ಸ್‌ಫರ್ ಇದೇ. ಮೂಳೆ ಡಾಕ್ಟರೊಬ್ಬರು ಬಂದು ಈ ಒಂದನ್ನೇ ಮತ್ತೆ ಮತ್ತೆ ಎಳೆದು ನೋಡಿ, ತಮ್ಮ ಕ್ಲಿನಿಕ್ಕಿಗೆ ಒಂದು ಆರ್ಡರ್ ಕೊಟ್ಟು ಹೋದರು.

ದುಡ್ಡಿನ ಲೆಕ್ಕ ಬಾಯಿಲೆಕ್ಕದಲ್ಲೇ ಹೇಳುತ್ತೇನೆ. ಹಾಳಾದದ್ದೆಲ್ಲ ಸೇರಿ ಮೊದಲ ಕಾಲಿಗೆ ಹದಿನೈದು ಸಾವಿರ ಹತ್ತಿರ. ಈಗ ಮೂಳೆ ಸೆಟ್ ಸೇರಿ ಆರು ಸಾವಿರದೊಳಗೆ ಮುಗಿಯುತ್ತೆ, ಎರಡು ವಾರ ಸಂಜೆ ಕೆಲಸ. ಹತ್ತಕ್ಕೆ ಮಾರುತ್ತೇನೆ. ಆಡದ ಮಸಲ್ ಮಾಡೆಲ್‌ಗೇ ಅಂಗಡಿಯವರು ಇದರ ಎರಡು ಪಟ್ಟು ಕೇಳಿದ್ದರು. ಒಂದು ಕೋಚಿಂಗಿನವರು ಎರಡು ತಗೊಂಡು ಒಂದಕ್ಕೆ ದುಡ್ಡು ಕೊಟ್ಟರು. ಈಗ ಅರ್ಧ ಮುಂಗಡ ಇಲ್ಲದೆ ಅರವನ್ನೇ ಕೈಗೆತ್ತಿಕೊಳ್ಳಲ್ಲ.

ನಡುವೆ ಸುಮ್ನೆ ಮಾಡಿದ ಆಟಗಳೂ ಇವೆ. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮುಂಪಾದದ ಉಬ್ಬಿಗೆ ಒಂದು ಕಿಲೋ ಕಲ್ಲು ಕಟ್ಟಿ ಅಕಿಲಿಸ್ (ಹಿಮ್ಮಡಿಯ ಟೆಂಡನ್) ಎಳೆದೆ. ಎರಡೂವರೆ ಕಿಲೋ ಹತ್ತಿರ ತೋರಿಸಿತು. ಹಿಮ್ಮಡಿ ಕಡೆಯ ಸನ್ನೆ ಗಿಡ್ಡ, ಬೆರಳ ಕಡೆಯದು ಉದ್ದ. ಜೊತೆಗೆ ನನ್ನ ಕೀಲಿನ ತಿಕ್ಕಾಟ. ಇನ್ನೊಮ್ಮೆ ಎರಡು ಬಣ್ಣದ ಹತ್ತಿ ನೂಲಿನ ಲಡಿ ತಂದು ಅಕಿಲಿಸ್‌ನ ತಿರುಚು ಮಾಡಿದೆ. ಅದರ ಎಳೆಗಳು ಇಳಿಯುತ್ತಾ ಹೆಚ್ಚುಕಡಿಮೆ ಕಾಲು ಸುತ್ತು ತಿರುಗುತ್ತವಲ್ಲ, ಅದು. ಎಳೆಯಲು ಬರಲ್ಲ, ನೋಡಲು ಚಂದ. ಹತ್ತಿ ಮಿಲ್ಲಿನ ಊರಿನವನು ಅಂತ ಒಂದು ಹೆಮ್ಮೆ ಅಷ್ಟೇ. ಪೆರೋನಿಯಸ್ ಟರ್ಷಿಯಸ್ ಯಾರ್‍ಯಾರಿಗೆ ಇದೆ ಅಂತ ಒಂದು ಬ್ಯಾಚಿನವರೆಲ್ಲರ ಚಪ್ಪಲಿ ಬಿಡಿಸಿ ಮುಟ್ಟಿ ನೋಡಿದ್ದೂ ಆಯಿತು. ಎಲ್ಲರಲ್ಲೂ ಕೈಗೆ ಸಿಗಲಿಲ್ಲ. ಮೀನಖಂಡದ ಸಣ್ಣ ಸ್ನಾಯು ಪ್ಲಾಂಟಾರಿಸ್‌ಗೆ ದಾರ ಹಾಕಿಲ್ಲ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಇರಲ್ಲ, ನನ್ನ ಕಾಲೂ ಆ ಜಾತಿಯದು ಅಂದುಕೊಳ್ಳಿ.

ಮಂಡಿ ಹಿಂದಿನ ಸ್ನಾಯು ಪಾಪ್ಲಿಟಿಯಸ್ ಮಾತ್ರ ಇನ್ನೂ ಬಗ್ಗಿಲ್ಲ. ನೇರ ನಿಂತಾಗ ಬಿಗಿದ ಮಂಡಿಯ ಬೀಗ ತೆಗೆಯಬೇಕಾದರೆ ಫೀಮರ್ ಟಿಬಿಯಾ ಮೇಲೆ ಸ್ವಲ್ಪ ಹೊರಕ್ಕೆ ತಿರುಗಬೇಕು. ನನ್ನ ಮಂಡಿಗಿರುವುದು ಬಾಗಿಲಿನ ಕೀಲು, ಅದು ತಿರುಗಲ್ಲ. ಗುಂಡು ಕೀಲು ಹಾಕಿದರೆ ಎಲ್ಲ ಕಡೆಗೂ ವಾಲುತ್ತೆ. ಕಾರಿನ ವೈಪರ್ ಜೋಡಣೆಯೊಂದನ್ನು ಗುಜರಿಯಿಂದ ತಂದಿಟ್ಟಿದ್ದೇನೆ, ಶ್ರಾವಣದ ಹೊತ್ತಿಗೆ ಬಿಚ್ಚಿ ನೋಡಬೇಕು. ತಿರುಗುವ ಮಂಡಿ ಯಾರಾದರೂ ಮಾಡಿದ್ದರೆ ಹೇಳಿ, ಬದಲಿಗೆ ಆ ಪುಡಿಯ ಹೆಸರು ಹೇಳುತ್ತೇನೆ.